ಒಪ್ಪಿಸಿಕೊಟ್ಟ ಮೈ

ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ರಿಂಗಿಗೆ ಕಾಲಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಇದೇನೂ ಗುಟ್ಟಾಗಿ ಉಳಿದಿಲ್ಲ. ಅಮೆರಿಕದ ಅತಿ ದೊಡ್ಡ ಕುಸ್ತಿ ಕಂಪನಿಯಾದ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) 1989ರಲ್ಲಿ, ಕ್ರೀಡಾ ಆಯೋಗದ ಹಿಡಿತದಿಂದ ಹೊರಬರುವ ಸಲುವಾಗಿ, ತಾನು ನಡೆಸುವುದು ಮನರಂಜನೆಯೆಂದು ನ್ಯೂಜೆರ್ಸಿಯ ಶಾಸಕರ ಮುಂದೆ ತಾನೇ ಒಪ್ಪಿಕೊಂಡಿತು. ತಾಳಮದ್ದಳೆಗೆ ಕೂತವರಿಗೆ ಕರ್ಣ ಸಾಯುವುದು ಗೊತ್ತೇ ಇರುತ್ತದೆ. ಆ ಸಾವಿನವರೆಗಿನ ದಾರಿಯನ್ನು ಅರ್ಥಧಾರಿಗಳಿಬ್ಬರು ಅಲ್ಲೇ, ಆ ಹೊತ್ತಿನಲ್ಲೇ ಕಟ್ಟುತ್ತಾರೆ. ಕುಸ್ತಿಪಟುಗಳ ಕೆಲಸವೂ ಹಾಗೆಯೇ, ಆದರೆ ಇಲ್ಲಿ ಮಾತಿನ ಬದಲು ಮೈ. ರಿಂಗ್ ಎಂದರೆ ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಅದನ್ನು ಮುಚ್ಚಿ ಬಿಗಿದ ಕ್ಯಾನ್ವಾಸ್. ಆರೇಳು ಅಡಿ ಎತ್ತರದಿಂದ ಅದರ ಮೇಲೆ ಬೆನ್ನು ಕೊಟ್ಟು ಬೀಳುವುದನ್ನು ಯಾರೂ ನಟಿಸಲಾರರು.

ಈ ಕಸುಬಿನ ತಳದಲ್ಲಿರುವವರು ಯಾವ ದೊಡ್ಡ ಕಂಪನಿಗೂ ಸೇರದ ಸ್ವತಂತ್ರ ಕುಸ್ತಿಪಟುಗಳು. ಹಿಂದೆ ಹೀಗಿರಲಿಲ್ಲ. ಅಯೋವಾದ ವಾಟರ್ಲೂ ಊರಿನಲ್ಲಿ 1948ರಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಅಮೆರಿಕವನ್ನು ಸೀಮೆ ಸೀಮೆಯಾಗಿ ಹಂಚಿಕೊಂಡಿತ್ತು. ಆಯಾ ಸೀಮೆಯ ಸಂಘಟಕರ ಬಳಿ ವರ್ಷವಿಡೀ ಕೆಲಸ ಸಿಗುತ್ತಿತ್ತು. 1980ರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ ಕೇಬಲ್ ಟಿವಿ ಹಿಡಿದು ದೇಶವ್ಯಾಪಿಯಾದಾಗ ಆ ಏರ್ಪಾಡು ಕುಸಿಯಿತು. 2001ರಲ್ಲಿ ಡಬ್ಲ್ಯುಸಿಡಬ್ಲ್ಯು, ಇಸಿಡಬ್ಲ್ಯು ಎಂಬ ಎದುರಾಳಿ ಕಂಪನಿಗಳೆರಡೂ ಮುಚ್ಚಿದ ಮೇಲೆ ನೂರಾರು ಜನರಿಗೆ ಉಳಿದದ್ದು ಶಾಲೆಗಳ ಜಿಮ್, ಮಾಜಿ ಸೈನಿಕರ ಸಂಘದ ಸಭಾಂಗಣ, ಸಮುದಾಯ ಭವನಗಳಲ್ಲಿ ನಡೆಯುವ ಸಣ್ಣ ಪ್ರದರ್ಶನಗಳು. ತೊಂಬತ್ತರ ದಶಕದಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡುತ್ತ ಬೆಳೆದ ಕನ್ನಡದ ಮಕ್ಕಳಿಗೆ ಪರಿಚಯವಾದದ್ದು ಮೇಲಿನ ಪದರ ಮಾತ್ರ. ಕೆಳಗಿನ ಪದರದಲ್ಲಿ ಸಂಬಳ ಇಲ್ಲ, ಪಿಂಚಣಿ ಇಲ್ಲ, ಸಂಘಟಕರಿಂದ ಆರೋಗ್ಯ ವಿಮೆ ಇಲ್ಲ. ಹೊಸಬರಿಗೆ ಸಿಗುವುದು ಒಂದು ಹಾಟ್ ಡಾಗ್, ಒಂದು ಕೈಕುಲುಕು ಎಂಬ ಮಾತು ಅಲ್ಲಿ ಹಳೆಯದು. ಮಧ್ಯಂತರದಲ್ಲಿ ಮೇಜಿನ ಮೇಲೆ ಟಿ-ಶರ್ಟ್ ಹರಡಿ ಮಾರಿದರೆ ಊರಿಗೆ ಮರಳುವ ಪೆಟ್ರೋಲಿನ ಖರ್ಚು ಹುಟ್ಟುತ್ತದೆ.

ಇಂಥ ಕಡೆ ಒಬ್ಬನ ಸುರಕ್ಷತೆ ಪೂರ್ತಿ ಎದುರಾಳಿಯ ಕೈಯಲ್ಲಿದೆ. ತಲೆಕೆಳಗಾಗಿ ಎತ್ತಿಸಿಕೊಂಡವನು ತನ್ನ ಕುತ್ತಿಗೆಯನ್ನು ಎತ್ತಿದವನಿಗೆ ಒಪ್ಪಿಸಿರುತ್ತಾನೆ. ಡಬ್ಲ್ಯುಡಬ್ಲ್ಯುಎಫ್ ನಡೆಸಿದ 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಹೀಗೆ ತಲೆಕೆಳಗೆ ಎತ್ತಿ ಹಾಕಿದ ಪೈಲ್‌ಡ್ರೈವರ್ ಪಟ್ಟಿನಲ್ಲಿ ಸ್ಟೀವ್ ಆಸ್ಟಿನ್ ತಲೆ ಇರಬೇಕಾದುದಕ್ಕಿಂತ ಸ್ವಲ್ಪವೇ ಕೆಳಗಿತ್ತು. ಆಸ್ಟಿನ್ ಕೆಲಹೊತ್ತು ಕೈಕಾಲು ಆಡಿಸಲಾಗದೆ ಬಿದ್ದರು. ಆ ಕುತ್ತಿಗೆಯ ನೋವು ಮುಂದೆ ಅವರ ವೃತ್ತಿಯನ್ನೇ ಮೊಟಕುಗೊಳಿಸಿತು. ಓವನ್ ಹಾರ್ಟ್ ಆ ಕಾಲದ ನುರಿತ ಕುಸ್ತಿಪಟುಗಳಲ್ಲಿ ಒಬ್ಬರು ಎಂಬುದನ್ನು ನೆನೆದರೆ ಈ ಕೆಲಸದ ಅಪಾಯ ಎಷ್ಟು ಸೂಕ್ಷ್ಮದ್ದೆಂದು ತಿಳಿಯುತ್ತದೆ.

ಆದ್ದರಿಂದ ಪರಸ್ಪರ ಗೌರವ ಇಲ್ಲಿ ಕೆಲಸದ ಭಾಗವೇ ಆಗಿದೆ. ಅಮೆರಿಕದಲ್ಲಿ ಹಿಡಿತಗಳನ್ನು ಎದುರಾಳಿಯ ಎಡಗೈ, ಎಡಗಾಲಿಗೆ ಹಾಕುವುದು ರೂಢಿ, ಮೆಕ್ಸಿಕೊದಲ್ಲಿ ಬಲಕ್ಕೆ. ಹಿಂದೆಂದೂ ಮುಖ ನೋಡದ ಇಬ್ಬರು ಭೇಟಿಯಾದ ಅರ್ಧ ಗಂಟೆಯಲ್ಲಿ ರಿಂಗ್ ಏರಬಲ್ಲರೆಂದರೆ ಅದಕ್ಕೆ ಇಂಥ ಸಾಮಾನ್ಯ ಒಪ್ಪಂದಗಳೇ ಕಾರಣ. ಜೋರಾಗಿ ಬಿದ್ದವನ ಕೈಯನ್ನು ಎದುರಾಳಿ ಮೆಲ್ಲಗೆ ಹಿಸುಕುತ್ತಾನೆ. ಮರಳಿ ಹಿಸುಕಿದರೆ ಏನೂ ಆಗಿಲ್ಲವೆಂದು ಅರ್ಥ. ಮರಳಿ ಬರದಿದ್ದರೆ ರೆಫರಿ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿಯುತ್ತಾನೆ, ಆಟ ನಿಲ್ಲುತ್ತದೆ. ಬೇಕೆಂದೇ ಜೋರಾಗಿ ಹೊಡೆದವನಿಗೆ ಅದೇ ಅಳತೆಯ ಒಂದು ಏಟು ಮರಳಿ ಬೀಳುತ್ತದೆ. ಅದನ್ನು ಇಬ್ಬರೂ ಸಹಜವೆಂದು ತೆಗೆದುಕೊಂಡು ಕುಸ್ತಿ ಮುಂದುವರಿಸುತ್ತಾರೆ.

ಡ್ರೆಸ್ಸಿಂಗ್ ರೂಮಿಗೆ ಬಂದವನು ಅಲ್ಲಿರುವ ಪ್ರತಿಯೊಬ್ಬರ ಕೈ ಕುಲುಕಬೇಕು. ಒಬ್ಬರನ್ನು ಬಿಟ್ಟರೂ ಅದು ಅವಮಾನ. ಹಿಡಿತ ಸಡಿಲವಾಗಿರಬೇಕು, ಹಗುರವಾದ ಕೈ ರಿಂಗಿನೊಳಗೂ ಹಗುರವಾಗಿರುತ್ತದೆಂಬ ಭರವಸೆ ಅದರಲ್ಲಿದೆ. ಕಿರಿಯರು ಮೊದಲೇ ಬಂದು ರಿಂಗ್ ಜೋಡಿಸುತ್ತಾರೆ, ಕುರ್ಚಿ ಹಾಕುತ್ತಾರೆ, ರಾತ್ರಿ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬುತ್ತಾರೆ. ಕುಸ್ತಿ ಮುಗಿಸಿ ಪರದೆಯ ಹಿಂದೆ ಬಂದ ಕೂಡಲೇ ಎದುರಾಳಿಗೆ ಕೃತಜ್ಞತೆ ಹೇಳುತ್ತಾರೆ; ಹಿರಿಯರ ಬಳಿ ಹೋಗಿ ಎಲ್ಲಿ ತಪ್ಪಿತೆಂದು ಕೇಳುತ್ತಾರೆ. ಮಣ್ಣಿನ ಮಟ್ಟಿಗೆ ನಮಸ್ಕರಿಸಿ ವಸ್ತಾದರ ಕಾಲು ಮುಟ್ಟಿ ಇಳಿಯುವ ಮೈಸೂರಿನ ಗರಡಿ ಹುಡುಗರಿಗೆ ಈ ಶಿಸ್ತು ಹೊಸದೆನಿಸದು, ಅವರ ಕುಸ್ತಿ ಬೇರೆಯೇ ಆದರೂ.

ಪಾಠದ ಬಹುಪಾಲು ನಡೆಯುವುದು ಕಾರಿನಲ್ಲಿ. ಶುಕ್ರವಾರ ಒಂದು ರಾಜ್ಯ, ಶನಿವಾರ ಇನ್ನೊಂದು. ನಾಲ್ವರು ಪೆಟ್ರೋಲ್ ಹಂಚಿಕೊಂಡು ರಾತ್ರಿಯಿಡೀ ಓಡಿಸುತ್ತಾರೆ. ಹಿಂದಿನ ಸಂಜೆ ಪ್ರೇಕ್ಷಕರು ಯಾವಾಗ ಎದ್ದುನಿಂತರು, ಯಾವಾಗ ತಣ್ಣಗಾದರು, ಯಾವ ಪಟ್ಟು ಅವಸರವಾಯಿತು ಎಂಬ ಚರ್ಚೆ ನೂರಾರು ಮೈಲಿ ಸಾಗುತ್ತದೆ. ಈ ಕಾರುಗಳಲ್ಲಿ ಕುದುರಿದ ಗೆಳೆತನಗಳು ಎಷ್ಟೋ ಕುಟುಂಬದ ನಂಟಿಗಿಂತ ಗಟ್ಟಿಯಾದವು.

ಈ ಅಲಿಖಿತ ನಡವಳಿಕೆಯನ್ನು ಪ್ರೇಕ್ಷಕರ ಎದುರಿಗೇ ತಂದದ್ದು ರಿಂಗ್ ಆಫ್ ಆನರ್ ಎಂಬ ಸಂಸ್ಥೆ. 2002ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಕುಸ್ತಿಗೆ ಮೊದಲೂ ನಂತರವೂ ಕೈಕುಲುಕಬೇಕೆಂಬುದು ಅದರ ಗೌರವ ಸಂಹಿತೆಯ ನಿಯಮ. ಆ ಮೊದಲ ರಾತ್ರಿಯ ಕೊನೆಯ ಕುಸ್ತಿ ಲೋ ಕಿ, ಬ್ರಯನ್ ಡೇನಿಯಲ್‌ಸನ್, ಕ್ರಿಸ್ಟೋಫರ್ ಡೇನಿಯಲ್ಸ್ ಮೂವರ ನಡುವಿನದು. ಡೇನಿಯಲ್ಸ್ ಕೈಕುಲುಕಲು ನಿರಾಕರಿಸಿದರು. ಅದೂ ಕಥೆಯ ಭಾಗವೇ; ಆದರೆ ಕೈ ಕೊಡದಿರುವುದೊಂದೇ ಒಬ್ಬನನ್ನು ಖಳನನ್ನಾಗಿ ಮಾಡಲು ಸಾಕಾಯಿತು. ಕುರ್ಚಿ ಎತ್ತಿ ಹೊಡೆಯುವ ಅಗತ್ಯವೇ ಬೀಳಲಿಲ್ಲ.

ಅದೇ ಸಂಸ್ಥೆಯಲ್ಲಿ 2004ರಲ್ಲಿ ಸಮೋವಾ ಜೋ ಮತ್ತು ಸಿ.ಎಂ. ಪಂಕ್ ಮೂರು ಸಲ ಎದುರಾದರು. ಜೂನ್‌ನಲ್ಲಿ ಒಹಾಯೊದ ಡೇಟನ್‌ನಲ್ಲಿ, ಅಕ್ಟೋಬರ್‌ನಲ್ಲಿ ಶಿಕಾಗೊ ಹೊರವಲಯದಲ್ಲಿ, ಎರಡು ಬಾರಿಯೂ ಪೂರ್ತಿ 60 ನಿಮಿಷ ಸೆಣಸಿ ಸಮವಾದರು; ಡಿಸೆಂಬರ್‌ನಲ್ಲಿ ಜೋ ಗೆದ್ದರು. ಒಂದು ಗಂಟೆ ಬಿಡುವಿಲ್ಲದೆ ಮತ್ತೊಬ್ಬನ ಉಸಿರು, ದಣಿವು, ಉದ್ದೇಶ ಮೂರನ್ನೂ ಓದುತ್ತಿರಬೇಕಾದರೆ ಆ ಇಬ್ಬರ ನಡುವೆ ಇರಬೇಕಾದ ನಂಬಿಕೆಯ ಪ್ರಮಾಣ ದೊಡ್ಡದು. ಆ ಮೂರು ಕುಸ್ತಿಗಳು ಸ್ವತಂತ್ರ ವಲಯದ ಹೆಸರನ್ನು ಎತ್ತಿದವು. ಅಲ್ಲಿ ಗೆದ್ದವನಷ್ಟೇ ಮನ್ನಣೆ ಸೋತವನಿಗೂ ಸಿಕ್ಕಿತು.

ಹೊರಡುವವನು ಸೋತು ಹೋಗಬೇಕೆಂಬುದು ಇನ್ನೊಂದು ಗಟ್ಟಿ ಪದ್ಧತಿ. ದೊಡ್ಡ ಕಂಪನಿಯ ಕರೆ ಬಂದವನು ತನ್ನ ಹೆಸರನ್ನು ಉಳಿಯುವವರಿಗೆ ಬಿಟ್ಟುಕೊಟ್ಟು ನಡೆಯುತ್ತಾನೆ. 2005ರ ಜೂನ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಸೇರಲಿದ್ದ ಪಂಕ್ ಸಂಸ್ಥೆಯ ಚಾಂಪಿಯನ್ ಬೆಲ್ಟ್ ಗೆದ್ದು, ಅದನ್ನು ಹೊತ್ತೇ ಹೋಗುತ್ತೇನೆಂದು ಬೆದರಿಸಿದ ಕಥೆ ಆ ಬೇಸಿಗೆಯಿಡೀ ನಡೆಯಿತು. ಆಗಸ್ಟ್ 12ರಂದು ಜೇಮ್ಸ್ ಗಿಬ್ಸನ್‌ಗೆ ಸೋತು ಬೆಲ್ಟ್ ಒಪ್ಪಿಸಿದರು. ಮರುದಿನ ಗೆಳೆಯ ಕೋಲ್ಟ್ ಕಬಾನಾ ಜತೆ ಕೊನೆಯ ಕುಸ್ತಿ ಆಡಿದರು. ಗಿಬ್ಸನ್ ಕೂಡ ಸೆಪ್ಟೆಂಬರ್‌ನಲ್ಲಿ ಡೇನಿಯಲ್‌ಸನ್‌ಗೆ ಸೋತೇ ಹೊರಟರು. ಇಂಥ ಗೆಳೆತನಗಳೆಲ್ಲ ಕೊನೆತನಕ ಬಾಳುತ್ತವೆ ಎನ್ನಲಾಗದು. ಪಂಕ್ ಮತ್ತು ಕಬಾನಾ ವಕೀಲರ ಖರ್ಚಿನ ವಿಷಯಕ್ಕೆ ಪರಸ್ಪರ ದಾವೆ ಹೂಡಿದರು, 2019ರಲ್ಲಿ ರಾಜಿಯಾಯಿತು. ಗೆಳೆತನವನ್ನು ಹಾಡಿ ಹೊಗಳುವವರು ಇದನ್ನೂ ಹೇಳುವುದು ನ್ಯಾಯ.

ಹಿಂದೆ ಈ ಸ್ನೇಹ ಬಹಿರಂಗವಾಗುವಂತೆಯೇ ಇರಲಿಲ್ಲ. ರಿಂಗಿನಲ್ಲಿ ವೈರಿಗಳಾದವರು ಒಂದೇ ಕಾರಿನಲ್ಲಿ, ಒಂದೇ ಹೋಟೆಲಿನಲ್ಲಿ ಕಾಣಿಸಿಕೊಳ್ಳಬಾರದಿತ್ತು. 1996ರ ಮೇ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಬಿಡುತ್ತಿದ್ದ ಕೆವಿನ್ ನ್ಯಾಶ್, ಸ್ಕಾಟ್ ಹಾಲ್ ಇಬ್ಬರನ್ನು ಶಾನ್ ಮೈಕೆಲ್ಸ್ ಮತ್ತು ಟ್ರಿಪಲ್ ಎಚ್ ರಿಂಗಿನ ನಡುವೆ ತಬ್ಬಿಕೊಂಡದ್ದು ದೊಡ್ಡ ಅಪರಾಧವೆನಿಸಿತು. ಅದರ ಶಿಕ್ಷೆಯನ್ನು ಟ್ರಿಪಲ್ ಎಚ್ ಉಂಡರು. ಇಂದಿನ ಸ್ವತಂತ್ರ ಪ್ರದರ್ಶನಗಳಲ್ಲಿ ವಿದಾಯದ ಕುಸ್ತಿ ಮುಗಿದಾಗ ಎಲ್ಲ ಕುಸ್ತಿಪಟುಗಳೂ ಹೊರಬಂದು ರಿಂಗಿನ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಪ್ರೇಕ್ಷಕರು ಅದಕ್ಕಾಗಿಯೇ ಕಾಯುತ್ತಾರೆ.

ಕ್ವಿಬೆಕ್‌ನ ಕೆವಿನ್ ಸ್ಟೀನ್ ಮತ್ತು ಮುಖವಾಡಧಾರಿ ಎಲ್ ಜೆನೆರಿಕೊ ಕತೆ ಈ ಬದಲಾವಣೆಗೆ ಒಳ್ಳೆಯ ಉದಾಹರಣೆ. ಹತ್ತಿರ ಹತ್ತಿರ ಒಂದೇ ಕಾಲಕ್ಕೆ ಶುರುಮಾಡಿ, ಸಣ್ಣ ಸಭಾಂಗಣಗಳಲ್ಲಿ ಜೋಡಿಯಾಗಿಯೂ ವೈರಿಗಳಾಗಿಯೂ ಬೆಳೆದವರು ಇವರು. 2009ರ ಡಿಸೆಂಬರ್‌ನಲ್ಲಿ ಸ್ಟೀನ್ ಗೆಳೆಯನ ಮೇಲೆ ಕೈಮಾಡುವುದರೊಂದಿಗೆ ಆರಂಭವಾದ ಹಗೆಯ ಕಥೆ ಒಂದು ವರ್ಷ ನಡೆಯಿತು. ಅದಕ್ಕೆ ಕಾವು ಕೊಟ್ಟದ್ದು ಜನರಿಗೆ ಗೊತ್ತಿದ್ದ ನಿಜವಾದ ಸ್ನೇಹವೇ. ಕೆವಿನ್ ಓವನ್ಸ್, ಸ್ಯಾಮಿ ಝೇನ್ ಎಂಬ ಹೆಸರುಗಳಲ್ಲಿ ಅವರಿಬ್ಬರು 2023ರ ಏಪ್ರಿಲ್ 1ರಂದು ಡಬ್ಲ್ಯುಡಬ್ಲ್ಯುಇಯ ರೆಸಲ್‌ಮೇನಿಯಾದ ಮೊದಲ ರಾತ್ರಿಯ ಕೊನೆಯ ಕುಸ್ತಿಯಲ್ಲಿ ಜೋಡಿ ಪಟ್ಟ ಗೆದ್ದರು.

ಹೆಂಗಸರ ಪಾಲಿಗೆ ಇಂಥ ಬಳಗ ಇನ್ನೂ ಹೆಚ್ಚು ಅಗತ್ಯವಾಗಿತ್ತು. ದೊಡ್ಡ ಕಂಪನಿಗಳು ಅವರಿಗೆ ಹೆಚ್ಚಾಗಿ ಐದು ನಿಮಿಷವನ್ನೂ ಕೊಡದಿದ್ದ ಕಾಲದಲ್ಲಿ, 2005ರಲ್ಲಿ, ಇಲಿನಾಯ್ ರಾಜ್ಯದ ಬರ್ವಿನ್‌ನಲ್ಲಿ ಶಿಮ್ಮರ್ ಎಂಬ ಮಹಿಳಾ ಸಂಸ್ಥೆ ಶುರುವಾಯಿತು. ಅದರ ಮೊದಲ ಚಾಂಪಿಯನ್ ಸಾರಾ ಡೆಲ್ ರೇ 2012ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿದ್ದು ತರಬೇತುದಾರಳಾಗಿ. ಮುಂದೆ ಟಿವಿಯಲ್ಲಿ ಹೆಸರು ಮಾಡಿದ ಅನೇಕ ಹುಡುಗಿಯರು ಆಕೆಯ ಕೈಯಲ್ಲಿ ಪಳಗಿದರು.

ಕಷ್ಟಕಾಲದ ಆಸರೆಯೂ ಒಳಗಿನಿಂದಲೇ ಬರಬೇಕು. ಕುಸ್ತಿಪಟುವೂ ಚಿತ್ರನಟನೂ ಆಗಿದ್ದ ಮೈಕ್ ಮಜುರ್ಕಿ 1965ರಲ್ಲಿ ಕಟ್ಟಿದ ಕಾಲಿಫ್ಲವರ್ ಆ್ಯಲಿ ಕ್ಲಬ್ ಇಂದಿಗೂ ಇದೆ. ವರ್ಷಕ್ಕೊಮ್ಮೆ ಹಳಬರು ಸೇರುತ್ತಾರೆ. ಬಡತನ, ಕಾಯಿಲೆಯಲ್ಲಿರುವವರಿಗೆ ನಿಧಿಯಿಂದ ನೆರವು ಹೋಗುತ್ತದೆ. ಅದರ ಲಾಂಛನದಲ್ಲಿರುವುದು ಉಜ್ಜಿ ಉಜ್ಜಿ ಹೂಕೋಸಿನಂತೆ ಮುದ್ದೆಯಾದ ಮಜುರ್ಕಿಯದೇ ಕಿವಿ. ಅಂಥ ಕಿವಿ ನಮ್ಮ ಹಳೆಯ ಪೈಲ್ವಾನರಲ್ಲೂ ಕಾಣುತ್ತದೆ.

ಡೆಲಾವೇರ್‌ನ ಜೇ ಮತ್ತು ಮಾರ್ಕ್ ಬ್ರಿಸ್ಕೊ ಸಹೋದರರು ರಿಂಗ್ ಆಫ್ ಆನರ್‌ನ ಮೊದಲ ವರ್ಷದಿಂದ ಜತೆಯಿದ್ದವರು; 13 ಬಾರಿ ಅಲ್ಲಿ ಜೋಡಿ ಪಟ್ಟ ಗೆದ್ದವರು. 2023ರ ಜನವರಿ 17ರಂದು ಜೇ ಕಾರು ಅಪಘಾತದಲ್ಲಿ ತೀರಿಕೊಂಡರು. ಎಂಟು ದಿನಗಳ ಬಳಿಕ, ಅವರ ಹುಟ್ಟುಹಬ್ಬದಂದೇ, ಮಾರ್ಕ್ ಟಿವಿಯಲ್ಲಿ ಅಣ್ಣನ ನೆನಪಿಗೆ ಕುಸ್ತಿ ಆಡಿದರು. ಎದುರಿಗೆ ನಿಂತದ್ದು ಅದೇ ಸಂಸ್ಥೆಯಲ್ಲಿ ಜತೆಗೆ ಬೆಳೆದ ಜೇ ಲೀಥಲ್. ದುಃಖದಲ್ಲಿರುವವನ ಮೈಯನ್ನು ಜೋಪಾನವಾಗಿ ಎತ್ತಿ ಇಳಿಸುವ ಕೆಲಸಕ್ಕೆ ಎರಡು ದಶಕದ ಪರಿಚಯ ಬೇಕಾಗುತ್ತದೆ. ಮಾರ್ಕ್ ಗೆದ್ದ ಮೇಲೆ ಒಳಗಿದ್ದವರೆಲ್ಲ ಹೊರಬಂದು ನಿಂತರು.

ಇಷ್ಟೆಲ್ಲ ಒಳ್ಳೆಯದನ್ನು ಮಾಡಿದ ಸಂಹಿತೆಗೆ ಕೆಡುಕಿನ ಮುಖವೂ ಇದೆ. ಗೌರವ ಕಲಿಸುವ ನೆಪದಲ್ಲಿ ಹಿರಿಯರು ಕಿರಿಯರನ್ನು ಹಿಂಸಿಸಿದ್ದುಂಟು. 1996ರಲ್ಲಿ ಮ್ಯಾಸಚೂಸೆಟ್ಸ್‌ನ ಇಸಿಡಬ್ಲ್ಯು ಪ್ರದರ್ಶನವೊಂದರಲ್ಲಿ, ವಯಸ್ಸು ಮತ್ತು ತರಬೇತಿಯ ಬಗ್ಗೆ ಸುಳ್ಳು ಹೇಳಿ ಸೇರಿಕೊಂಡಿದ್ದ 17 ವರ್ಷದ ಹುಡುಗನ ಹಣೆಯನ್ನು ಎದುರಾಳಿ ಅಪಾಯಕಾರಿಯಾಗಿ ಸೀಳಿದ. ಒಪ್ಪಿಸಿಕೊಟ್ಟ ಮೈಗೆ ಬಗೆದ ದ್ರೋಹಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. 1986ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕುಸ್ತಿಪಟು ಜೆಸ್ಸಿ ವೆಂಚುರಾ ಕಾರ್ಮಿಕ ಸಂಘ ಕಟ್ಟಲು ಹೊರಟಾಗ ಸುದ್ದಿ ಮಾಲೀಕರ ಕಿವಿಗೆ ಬಿತ್ತು; ಮುಟ್ಟಿಸಿದವರು ಸಹೋದ್ಯೋಗಿ ಹಲ್ಕ್ ಹೋಗನ್ ಎಂಬುದು ಮುಂದೆ ಮೊಕದ್ದಮೆಯ ವಿಚಾರಣೆಯಲ್ಲಿ ಹೊರಬಂತು. ಸಂಘ ಹುಟ್ಟಲೇ ಇಲ್ಲ. ಒಳಗಿನ ಮಾತು ಹೊರಗೆ ಹೋಗಬಾರದೆಂಬ ನಿಷ್ಠೆ ಲೈಂಗಿಕ ದೌರ್ಜನ್ಯವನ್ನೂ ಮುಚ್ಚಿತು. 2020ರ ಜೂನ್‌ನಲ್ಲಿ ಸ್ಪೀಕಿಂಗ್ ಔಟ್ ಎಂಬ ಹೆಸರಿನಲ್ಲಿ ಬ್ರಿಟನ್, ಅಮೆರಿಕಗಳ ಅನೇಕ ಹೆಣ್ಣುಮಕ್ಕಳು, ಕೆಲವು ಗಂಡಸರೂ ಬಾಯಿ ತೆರೆದರು. ಹಲವರು ಕೆಲಸ ಕಳೆದುಕೊಂಡರು, ಕೆಲವು ಸಂಸ್ಥೆಗಳು ಮುಚ್ಚಿದವು.

ಬ್ರಿಟನ್ ಸಂಸತ್ತಿನ ಸರ್ವಪಕ್ಷಗಳ ಗುಂಪೊಂದು 2021ರಲ್ಲಿ ಈ ವೃತ್ತಿಯ ಕುರಿತು ವರದಿ ಕೊಟ್ಟಿತು. ತರಬೇತಿ ಶಾಲೆಗಳಿಗೆ ಕನಿಷ್ಠ ಮಾನದಂಡ ಇರಬೇಕು, ಕಲಿಸುವವರ ಹಿನ್ನೆಲೆ ಪರಿಶೀಲಿಸಬೇಕು, ತಲೆಗೆ ಪೆಟ್ಟಾದಾಗ ಏನು ಮಾಡಬೇಕೆಂಬುದು ತಿಳಿದಿರಬೇಕು ಎಂಬಂಥ ಬೇಡಿಕೆಗಳು ಅದರಲ್ಲಿವೆ. ಕೈಕುಲುಕಿನ ಮೇಲೆ ನಡೆದುಬಂದ ಕಸುಬು ಇವನ್ನು ಬರಹದ ನಿಯಮವಾಗಿ ಒಪ್ಪಿಕೊಳ್ಳುವ ಕೆಲಸ ಸಣ್ಣ ಸಂಸ್ಥೆಗಳ ಮಟ್ಟದಲ್ಲಿ ಇನ್ನೂ ಬಹಳ ಬಾಕಿ ಇದೆ.