ಸಿ ಡ್ರೈವಿನ ಅಜ್ಞಾತವಾಸಿ

ಸೊರಬದ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಬಳಿ ಬರುವ ದೂರುಗಳಲ್ಲಿ ವೈವಿಧ್ಯ ಕಡಿಮೆ. ಸ್ಲೋ ಆಗಿದೆ, ಹ್ಯಾಂಗ್ ಆಗ್ತಿದೆ, ಪ್ರಿಂಟ್ ಬರ್ತಿಲ್ಲ. ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿಕೊಂಡಿದೆ: ಸಿ ಡ್ರೈವ್ ಕೆಂಪಾಗಿದೆ. “ಹಾಡೆಲ್ಲ ಡಿಲೀಟ್ ಮಾಡ್ದೆ, ಫೋಟೋ ಎಲ್ಲ ಡಿ ಡ್ರೈವಿಗೆ ಹಾಕ್ದೆ. ಆದ್ರೂ ಜಾಗ ಇಲ್ಲ ಅಂತದೆ ಮಾರಾಯ್ರೆ. ಎಂತ ತಿಂತಾ ಇದೆ ಅದು ಒಳಗೆ?” ಎಂದು ಉಳವಿ ಕಡೆಯ ಗಿರಾಕಿಯೊಬ್ಬರು ಕೇಳಿದಾಗ ಅಂಗಡಿಯವನಿಗೆ ಉತ್ಸಾಹ ಬಂತು. ಈ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ಅವನಿಗೆ ಊಟ ತಡವಾದರೂ ಚಿಂತೆಯಿಲ್ಲ. ಅಂಗಡಿಯವನು ಎಂದರೆ ಇದನ್ನು ಬರೆಯುತ್ತಿರುವವನೇ. ತನ್ನನ್ನು ತಾನೇ ‘ಅವನು’ ಎಂದು ಕರೆದುಕೊಂಡರೆ ಮಾತಿಗೆ ತುಸು ತೂಕ ಬರುತ್ತದೆಂಬ ಆಸೆ ಅವನದು.

ತಿನ್ನುವವರು ಹಲವರಿದ್ದಾರೆ. ಅವರಲ್ಲಿ ಒಬ್ಬನ ಹೆಸರು ಪೇಜ್‌ಫೈಲ್ ಡಾಟ್ ಸಿಸ್. ಸಿ ಡ್ರೈವನ್ನು ತೆರೆದ ಕೂಡಲೇ, ಯಾವ ಫೋಲ್ಡರಿನ ಒಳಕ್ಕೂ ಹೋಗದೆ, ಮೊದಲ ಬಾಗಿಲಲ್ಲೇ ಕೂತಿರುತ್ತಾನೆ, ಆದರೆ ಕಾಣುವುದಿಲ್ಲ. ವ್ಯೂ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಅಡಗಿದ ಫೈಲುಗಳನ್ನು ತೋರಿಸು ಎಂದು ಹೇಳಿದರೂ ಹೊರಬರುವವನಲ್ಲ. ಅದರ ಕೆಳಗೇ ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬ ಇನ್ನೊಂದು ಸಾಲಿನ ಟಿಕ್ಕನ್ನೂ ತೆಗೆಯಬೇಕು. ವಿಂಡೋಸ್ ಒಮ್ಮೆ ಎಚ್ಚರಿಸುತ್ತದೆ. ಯೆಸ್ ಎಂದರೆ ಮಸುಕು ಬಣ್ಣದ ಐಕಾನಿನೊಡನೆ ಪ್ರತ್ಯಕ್ಷ. ಪಕ್ಕದಲ್ಲಿ ಹೈಬರ್‌ಫಿಲ್, ಸ್ವಾಪ್‌ಫೈಲ್ ಎಂಬ ದಾಯಾದಿಗಳೂ ಇರಬಹುದು. ಗಾತ್ರ ನೋಡಿದವರು ಹೌಹಾರುತ್ತಾರೆ: ಎರಡು, ನಾಲ್ಕು, ಕೆಲವೊಮ್ಮೆ ಎಂಟು ಜಿಬಿ. ಡಿಲೀಟ್ ಒತ್ತಿದರೆ, ಫೈಲು ಬಳಕೆಯಲ್ಲಿದೆ ಎಂಬ ಉತ್ತರ. ವಿಂಡೋಸ್ ಎಚ್ಚರವಾಗಿರುವಷ್ಟು ಹೊತ್ತೂ ಅದು ಬಳಕೆಯಲ್ಲೇ ಇರುತ್ತದೆ.

ಇದರ ಕೆಲಸವೇನೆಂದು ವಿವರಿಸಲು ಅಂಗಡಿಯವನಿಗೆ ಅವನ ಹುಟ್ಟೂರು ನೆರವಾಗುತ್ತದೆ. ಶಿಕಾರಿಪುರದಲ್ಲಿ ಅವನು ಹುಡುಗನಾಗಿದ್ದಾಗ, ಅಪ್ಪನ ಜೊತೆ ಜಮೀನಿನ ಕಾಗದಕ್ಕೆಂದು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದ. ಗುಮಾಸ್ತರ ಮೇಜು ಚಿಕ್ಕದು. ಅದರ ಮೇಲೆ ಅಂದಿನ ಕೆಲಸದ ಕಡತಗಳಷ್ಟೇ ಇರುತ್ತಿದ್ದವು. ಹೊಸದೊಂದು ಬೇಕಾದರೆ ಮೇಜಿನ ಮೇಲಿನ ಹಳೆಯದೊಂದನ್ನು ಬಟ್ಟೆಯಲ್ಲಿ ಕಟ್ಟಿ ರೆಕಾರ್ಡ್ ರೂಮಿಗೆ ಕಳಿಸಿ, ಬೇಕಾದದ್ದನ್ನು ಅಲ್ಲಿಂದ ತರಿಸಬೇಕು. ಅದು ಬರುವ ತನಕ ಅಪ್ಪ ಮಗ ಇಬ್ಬರೂ ಹೊರಗಿನ ಬೆಂಚಿನಲ್ಲಿ. ಮೇಜು ಎಂದರೆ ರ‍್ಯಾಮ್. ರೆಕಾರ್ಡ್ ರೂಮು ಎಂದರೆ ಡಿಸ್ಕಿನ ಮೇಲಿನ ಈ ಪೇಜ್‌ಫೈಲ್. ತೆರೆದಿಟ್ಟ ಪ್ರೋಗ್ರಾಮುಗಳಲ್ಲಿ ಸದ್ಯ ಯಾರೂ ಮುಟ್ಟದ ಭಾಗವನ್ನು ವಿಂಡೋಸ್ 4 ಕೆಬಿ ಅಳತೆಯ ಪುಟಗಳಾಗಿ ಕತ್ತರಿಸಿ ಅಲ್ಲಿಗೆ ಸಾಗಿಸುತ್ತದೆ, ಕೇಳಿದಾಗ ಮರಳಿ ತರುತ್ತದೆ.

ವಿಚಿತ್ರವೆಂದರೆ ಆ ರೆಕಾರ್ಡ್ ರೂಮಿನ ದಾಖಲೆಗಳೇ ಮುಂದೆ ಅವನ ಮೊದಲ ಸಂಬಳಕ್ಕೆ ದಾರಿಯಾದವು. ರಾಜ್ಯದ 177 ತಾಲ್ಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ‘ಭೂಮಿ’ ಯೋಜನೆ ನಡೆಯುತ್ತಿದ್ದ ಕಾಲ ಅದು. ಡೇಟಾ ಎಂಟ್ರಿಗೆ ಹುಡುಗರು ಬೇಕಾಗಿದ್ದರು. ಸರ್ವೆ ನಂಬರು, ಹಿಸ್ಸಾ, ಖರಾಬು, ಬೆಳೆಯ ಕಾಲಂ ಎಲ್ಲವನ್ನೂ ಬೆರಳು ನೋಯುವಂತೆ ಟೈಪು ಮಾಡಿ, ಬೆಳಿಗ್ಗೆ ಬಂದರೆ ಮತ್ತೊಂದು ಕಟ್ಟು. ಯೋಜನೆ ಮುಗಿದಾಗ ಗಣಕದಿಂದ ತೆಗೆದ ಪಹಣಿಗೆ 15 ರೂಪಾಯಿ ಶುಲ್ಕ. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ಅಪ್ಪ ಮೊದಲ ಗಣಕೀಕೃತ ಪಹಣಿಯನ್ನು ಕೈಯಲ್ಲಿ ಹಿಡಿದು, ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಮೂರು ಸಲ ಓದಿದ್ದರು. ಮಗನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಸಣ್ಣ ಮೇಜಿನ ಮೇಲೆ ದೊಡ್ಡ ಕೆಲಸ ಮಾಡುವ ಈ ಉಪಾಯ ಮೈಕ್ರೋಸಾಫ್ಟಿನದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಫೆರಾಂಟಿ ಕಂಪನಿಯ ಜೊತೆ ಸೇರಿ ಕಟ್ಟಿದ ಅಟ್ಲಾಸ್ ಎಂಬ ಯಂತ್ರ 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಆಗ ಮೆಮೊರಿಯೆಂದರೆ ತಂತಿಯಲ್ಲಿ ಪೋಣಿಸಿದ ಪುಟ್ಟ ಕಾಂತದ ಬಳೆಗಳು; ಅದಕ್ಕೆ ಸುರಿಯುವ ದುಡ್ಡಿಗೆ ಮಿತಿಯಿತ್ತು. ಅಟ್ಲಾಸಿನಲ್ಲಿ ಆ ಬಗೆಯ ಮೆಮೊರಿ ಇದ್ದದ್ದು 16,384 ಪದಗಳಷ್ಟು. ತಿರುಗುವ ಕಾಂತೀಯ ಡ್ರಮ್ಮುಗಳಲ್ಲಿ 98,304 ಪದಗಳ ಜಾಗವಿತ್ತು. ಅಟ್ಲಾಸಿಗೂ ಮುಂಚೆ ಯಾವ ತುಂಡನ್ನು ಯಾವಾಗ ಡ್ರಮ್ಮಿಗೆ ಕಳಿಸಬೇಕು, ಯಾವಾಗ ತರಬೇಕು ಎಂಬ ಲೆಕ್ಕ ಪ್ರೋಗ್ರಾಮು ಬರೆಯುವವರ ತಲೆನೋವಾಗಿತ್ತು. ಕಿಲ್ಬರ್ನ್ ತಂಡ ಆ ಹೊರೆಯನ್ನು ಯಂತ್ರಕ್ಕೇ ಹೊರಿಸಿತು. 512 ಪದಗಳ ಒಂದೊಂದು ಪುಟ. ಎರಡೂ ಕೂಡಿ ಒಂದೇ ದೊಡ್ಡ ಮೆಮೊರಿ ಎಂಬ ಭ್ರಮೆ. ಯಾವ ಪುಟವನ್ನು ಹೊರಹಾಕುವುದು ಎಂದು ತೀರ್ಮಾನಿಸಲು, ಹಿಂದಿನ ಬಳಕೆಯನ್ನು ನೋಡಿ ಕಲಿಯುವ ಪುಟ್ಟ ಪ್ರೋಗ್ರಾಮೊಂದು ಒಳಗೇ ಓಡುತ್ತಿತ್ತು.

ಇಷ್ಟು ಒಳ್ಳೆಯ ಸುಳ್ಳಿಗೂ ದಂಡ ತೆರಬೇಕಾಗುತ್ತದೆ. ಅಟ್ಲಾಸಿನ ಮೆಮೊರಿ ಉತ್ತರ ಕೊಡಲು 2 ಮೈಕ್ರೋಸೆಕೆಂಡು ಸಾಕಿತ್ತು. ಡ್ರಮ್ಮು ಒಂದು ಸುತ್ತು ಬರಲು 12 ಮಿಲಿಸೆಕೆಂಡು ಬೇಕು. ಸಾವಿರಾರು ಪಟ್ಟು ಅಂತರ. ಮೇಲೆ ಕೆಳಗೆ ಪುಟಗಳನ್ನು ಸಾಗಿಸುವುದರಲ್ಲೇ ಯಂತ್ರದ ಹೊತ್ತೆಲ್ಲ ಕಳೆದು ಅಸಲು ಕೆಲಸ ನಿಂತುಹೋಗುವ ಸ್ಥಿತಿಯನ್ನು ಪೀಟರ್ ಡೆನಿಂಗ್ ಎಂಬ ಅಮೆರಿಕನ್ 1968ರಲ್ಲಿ ಬಿಡಿಸಿ ಹೇಳಿದ: ಪ್ರತಿ ಪ್ರೋಗ್ರಾಮಿಗೂ ಆ ಹೊತ್ತಿಗೆ ಬೇಕಾದ ಪುಟಗಳ ಒಂದು ಗುಂಪಿರುತ್ತದೆ, ಆ ಗುಂಪಿಗೇ ಜಾಗ ಸಾಲದಿದ್ದರೆ ಎಳೆದಾಟ ಶುರು. ಡೆನಿಂಗನ ಪ್ರಬಂಧ ಓದದೆಯೂ ಸೊರಬ, ಶಿಕಾರಿಪುರ ತಾಲ್ಲೂಕುಗಳ ಡಿಟಿಪಿ ಹುಡುಗರಿಗೆ ಅದು ಗೊತ್ತಿತ್ತು. 256 ಎಂಬಿ ರ‍್ಯಾಮಿನ ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿ ನುಡಿ, ಪೇಜ್‌ಮೇಕರ್, ಕೋರೆಲ್ ಡ್ರಾ ಮೂರನ್ನೂ ತೆರೆದಿಟ್ಟು ಮದುವೆ ಕರೆಯೋಲೆ ಮಾಡುತ್ತಿದ್ದರೆ, ಸಿಪಿಯು ಡಬ್ಬದ ಕೆಂಪು ದೀಪ ಮಿಟುಕಿಸುವುದನ್ನೂ ಮರೆತು ಉರಿದೇ ಇರುತ್ತಿತ್ತು. ಒಳಗಿಂದ ಕರಕರ ಸದ್ದು. ಮೌಸ್ ಎಳೆದರೆ ಬಾಣ ಆಮೇಲೆ ಯಾವಾಗಲೋ ಬರುತ್ತದೆ. ಕೊನೆಗೆ ಪರದೆಯ ಮೂಲೆಯಲ್ಲಿ ಹಳದಿ ಗುಳ್ಳೆ: ‘ವರ್ಚುವಲ್ ಮೆಮೊರಿ ಮಿನಿಮಮ್ ಟೂ ಲೋ’. ಎದುರು ಕೂತ ಮದುವೆ ಮನೆಯವರು, “ಏನಾತು, ವೈರಸ್ ಬಂತೇನು?” ಎನ್ನುತ್ತಿದ್ದರು. ಆಗ ಎಲ್ಲದಕ್ಕೂ ವೈರಸ್ಸೇ ಕಾರಣ.

ಪೇಜ್‌ಫೈಲಿನ ಗಾತ್ರಕ್ಕೆ ಎಕ್ಸ್‌ಪಿಯ ಲೆಕ್ಕ ಸರಳವಾಗಿತ್ತು: ಇರುವ ರ‍್ಯಾಮಿನ ಒಂದೂವರೆ ಪಟ್ಟಿನಿಂದ ಆರಂಭ, ಮೂರು ಪಟ್ಟಿಗೆ ಗರಿಷ್ಠ. 256ಕ್ಕೆ 384 ಮತ್ತು 768. ಈ ಎರಡು ಅಂಕಿಗಳು ಆ ತಲೆಮಾರಿನ ರಿಪೇರಿಯವರಿಗೆ ಮಗ್ಗಿಯಂತೆ ಬಾಯಿಗೆ ಬರುತ್ತಿದ್ದವು.

ಹೆಸರಿನ ವಂಶಾವಳಿಯೂ ಸ್ವಾರಸ್ಯದ್ದು. ವಿಂಡೋಸ್ 95ರಲ್ಲಿ ಈ ಫೈಲಿನ ಹೆಸರು ವಿನ್386 ಡಾಟ್ ಎಸ್‌ಡಬ್ಲ್ಯುಪಿ. ಪೇಜ್‌ಫೈಲ್ ಎಂಬುದು ಬಂದದ್ದು 1993ರ ವಿಂಡೋಸ್ ಎನ್‌ಟಿಯಿಂದ. ಎನ್‌ಟಿ ಕಟ್ಟಿದ ತಂಡದ ಮುಖ್ಯಸ್ಥ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದವನು. ಅದಕ್ಕೆ ಮುಂಚೆ ಡಿಜಿಟಲ್ ಕಂಪನಿಯಲ್ಲಿ ವ್ಯಾಕ್ಸ್ ಯಂತ್ರಗಳ ವಿಎಂಎಸ್ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬ. ಆ ವಿಎಂಎಸ್ಸಿನಲ್ಲೂ ಪೇಜ್‌ಫೈಲ್ ಡಾಟ್ ಸಿಸ್ ಇತ್ತು, ಸ್ವಾಪ್‌ಫೈಲ್ ಡಾಟ್ ಸಿಸ್ ಕೂಡ ಇತ್ತು. ಮನೆ ಬದಲಿಸಿದವನು ಹಳೆಯ ಮನೆಯ ಹೆಸರುಗಳನ್ನೇ ಹೊಸ ಮನೆಯಲ್ಲೂ ಇಟ್ಟ ಹಾಗಿದೆ. 2012ರ ವಿಂಡೋಸ್ 8ರಲ್ಲಿ ಸ್ವಾಪ್‌ಫೈಲೂ ಬಂದು ಕೂತಿತು, ಸ್ಟೋರಿನಿಂದ ಇಳಿಸಿಕೊಳ್ಳುವ ಆ್ಯಪುಗಳ ಸೇವೆಗೆಂದು.

ಹೆಸರಾಯಿತು, ಇನ್ನು ಪುಟಗಳ ವಿಳಾಸ. ವಾರಕ್ಕೊಮ್ಮೆ ಊರಿಗೆ ಹೋಗುವಾಗ ಅಂಗಡಿಯವನ ಬಸ್ಸು ಶಿರಾಳಕೊಪ್ಪದ ಮೇಲೆ ಹಾಯುತ್ತದೆ. ಬಳ್ಳಿಗಾವಿ, ತಾಳಗುಂದ ಎರಡೂ ಅಲ್ಲೇ ಹತ್ತಿರ. ತಾಳಗುಂದದ ಪ್ರಣವೇಶ್ವರ ಗುಡಿಯ ಎದುರು ಕದಂಬರ ಸ್ತಂಭಶಾಸನ ನಿಂತಿದೆ, ಕುಬ್ಜ ಎಂಬ ಕವಿ ರಚಿಸಿದ್ದು. ವಿದ್ವಾಂಸರ ಪುಸ್ತಕಗಳಲ್ಲಿ ಅದರ ವಿಳಾಸ ಚುಟುಕು: ಶಿಕಾರಿಪುರ 176. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಕಲ್ಲುಗಳನ್ನೂ 8ನೆಯದರಲ್ಲಿ (1904) ಸೊರಬದವನ್ನೂ ಹೀಗೆ ತಾಲ್ಲೂಕಿನ ಹೆಸರು, ಅದರೊಳಗಿನ ಸಂಖ್ಯೆ ಎಂದು ಜೋಡಿಸಿದರು. ಕಲ್ಲು ಗುಡಿಯ ಮುಂದಿರಲಿ, ಕೆರೆ ಏರಿಯ ಮೇಲಿರಲಿ, ಸಂಖ್ಯೆ ಬದಲಾಗುವುದಿಲ್ಲ. ಗಣಕದ ಮೆಮೊರಿ ವಿಳಾಸವೂ ಎರಡೇ ಭಾಗದ್ದು: ಇಂತಿಂಥ ಪುಟ, ಅದರೊಳಗೆ ಇಷ್ಟನೆಯ ಬೈಟು. ಆ ಪುಟ ಈ ಕ್ಷಣ ರ‍್ಯಾಮಿನಲ್ಲಿದೆಯೋ ಡಿಸ್ಕಿನಲ್ಲಿದೆಯೋ ಎಂಬುದು ಪ್ರೋಗ್ರಾಮಿಗೆ ಬೇಕಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಇದನ್ನು ಹೇಳಲು ಹೋದರೆ ಅವರು ಕಿಟಕಿಯಾಚೆಯ ಮೆಕ್ಕೆಜೋಳ ನೋಡತೊಡಗುತ್ತಾರೆ.

ಇನ್ನು ಫೈಲನ್ನು ಬೇರೆಡೆ ಇಡುವ ವಿಚಾರ. ಎಳೆದುಕೊಂಡು ಹೋಗಿ ಇಡಲು ಬರುವುದಿಲ್ಲ. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ‘ಸಿಸ್‌ಡಿಎಂ ಡಾಟ್ ಸಿಪಿಎಲ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಸಿಸ್ಟಮ್ ಪ್ರಾಪರ್ಟೀಸ್ ತೆರೆಯುತ್ತದೆ. ಅಡ್ವಾನ್ಸ್ಡ್, ಅದರಲ್ಲಿ ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್, ಅಲ್ಲಿ ಮತ್ತೊಮ್ಮೆ ಅಡ್ವಾನ್ಸ್ಡ್, ಕೆಳಗೆ ವರ್ಚುವಲ್ ಮೆಮೊರಿಯ ಚೇಂಜ್. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂಬ ವಿಂಡೋಸಿನ ಟಿಕ್ಕನ್ನು ತೆಗೆದರೆ ಡ್ರೈವುಗಳ ಪಟ್ಟಿಗೆ ಜೀವ ಬರುತ್ತದೆ. ಡಿ ಆರಿಸಿ, ಸಿಸ್ಟಮ್ ಮ್ಯಾನೇಜ್ಡ್ ಎನ್ನುವುದನ್ನು ಗುರುತು ಮಾಡಿ, ‘ಸೆಟ್’ ಒತ್ತಬೇಕು. ನಂತರವೇ ಓಕೆ. ಈ ಸೆಟ್ ಎಂಬ ಪುಟ್ಟ ಗುಂಡಿಯನ್ನು ಬಿಟ್ಟು ನೇರ ಓಕೆಗೆ ಹೋದವರು, ಮಾಡಿದ್ದೆಲ್ಲ ಏಕೆ ಉಳಿಯಲಿಲ್ಲ ಎಂದು ಯಂತ್ರವನ್ನು ಹೊತ್ತು ತರುತ್ತಾರೆ. ಸಿ ಡ್ರೈವಿನದನ್ನು ತೆಗೆಯುವುದೂ ಹಾಗೆಯೇ. ರೀಸ್ಟಾರ್ಟ್ ಆದ ಮೇಲೆ ಹೊಸ ಜಾಗದಲ್ಲಿ ಹೊಸ ಫೈಲು.

ಜಾಗ ಉಳಿಯುತ್ತದೆ, ನಿಜ. ವೇಗ ಹೆಚ್ಚುತ್ತದೆಂದು ಹೇಳುವವರನ್ನು ಅಂಗಡಿಯವನು ನಂಬುವುದಿಲ್ಲ. ನಮ್ಮ ಕಡೆಯ ಹಳೆಯ ಅಸೆಂಬಲ್ಡ್ ಯಂತ್ರಗಳಲ್ಲಿ ಸಿ, ಡಿ, ಇ ಮೂರೂ ಒಂದೇ ಹಾರ್ಡ್ ಡಿಸ್ಕಿನ ಹೋಳುಗಳು. ಓದುವ ತಲೆ ಒಂದೇ ತೋಳಿಗೆ ಅಂಟಿದ್ದು; ಸಿ ಯಿಂದ ಡಿ ಗೆ ಓಡಾಟ ಇನ್ನಷ್ಟು ಹೆಚ್ಚಬಹುದು. ಎರಡನೆಯ ಡಿಸ್ಕು ನಿಜವಾಗಿ ಬೇರೆಯೇ ಇದ್ದರೆ ಮಾತು ಬೇರೆ. ಇನ್ನು, ಪೇಜ್‌ಫೈಲನ್ನು ಪೂರ್ತಿ ತೆಗೆದುಬಿಟ್ಟರೆ ಯಂತ್ರ ಹಾರುತ್ತದೆ ಎಂದು ವಿಡಿಯೋಗಳಲ್ಲಿ ಹೇಳುವವರೂ ಇದ್ದಾರೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಕಮಿಟೆಡ್’ ಎಂದು ಎರಡು ಅಂಕಿಗಳಿರುತ್ತವೆ. ಎರಡನೆಯದು ಮಿತಿ, ಹೆಚ್ಚುಕಮ್ಮಿ ರ‍್ಯಾಮ್ ಮತ್ತು ಪೇಜ್‌ಫೈಲ್ ಕೂಡಿದ ಮೊತ್ತ. ಫೈಲು ತೆಗೆದರೆ 4 ಜಿಬಿ ಯಂತ್ರದ ಮಿತಿ ನಾಲ್ಕರ ಆಸುಪಾಸಿಗೇ ಇಳಿಯುತ್ತದೆ. ಮಿತಿ ಮುಟ್ಟಿದ ದಿನ, ಬರೆಯುತ್ತಿದ್ದ ಕಾಗದವೂ ಸೇರಿ ಪ್ರೋಗ್ರಾಮು ಮುಚ್ಚಿಕೊಳ್ಳುತ್ತದೆ. ಸಿ ಡ್ರೈವಿನಲ್ಲಿ ಫೈಲೇ ಇಲ್ಲದಿದ್ದರೆ ನೀಲಿ ಪರದೆ ಬಂದಾಗ ಕಾರಣದ ದಾಖಲೆ ಬರೆದಿಡಲೂ ಯಂತ್ರಕ್ಕೆ ಜಾಗವಿರದೆ ಹೋಗಬಹುದು. ರಿಪೇರಿಯವನ ಹೊಟ್ಟೆಯ ಮೇಲೆ ಹೊಡೆತ ಅದು.

ಫೋಟೋ ಸ್ಟುಡಿಯೋದವರದು ಬೇರೆಯೇ ಗೊಂದಲ. ಕರಿಜ್ಮಾ ಆಲ್ಬಮ್ ಡಿಸೈನ್ ಮಾಡುತ್ತಿರುವಾಗ ಫೋಟೋಶಾಪ್ ‘ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್’ ಎನ್ನುತ್ತದೆ. ಅದು ಪೇಜ್‌ಫೈಲಿನ ಮಾತಲ್ಲ, ಫೋಟೋಶಾಪ್ ತನಗಾಗಿಯೇ ಮಾಡಿಕೊಂಡ ಸ್ವಂತ ವ್ಯವಸ್ಥೆ. ಅದನ್ನು ಬದಲಿಸಬೇಕಾದದ್ದು ಫೋಟೋಶಾಪಿನ ಪ್ರಿಫರೆನ್ಸಸ್‌ನಲ್ಲಿ. ಮದುವೆ ಸೀಸನ್ನಿನಲ್ಲಿ ಫೋನಿನಲ್ಲೇ ಇದನ್ನು ಹೇಳಿ ಹೇಳಿ ಅವನಿಗೆ ಗಂಟಲು ಕಟ್ಟುತ್ತದೆ.

ಈಗ ಎಲ್ಲೆಡೆ ಎಸ್‌ಎಸ್‌ಡಿ. ಕರಕರ ಸದ್ದು ಹೋಯಿತು. ಪೇಜ್‌ಫೈಲ್ ಇಟ್ಟರೆ ಎಸ್‌ಎಸ್‌ಡಿ ಸವೆದುಹೋಗುತ್ತದೆಂಬ ಭಯ ಹೊಸದಾಗಿ ಬಂದಿದೆ. ವಿಂಡೋಸ್ 7ರ ಕಾಲದಲ್ಲಿ, 2009ರಲ್ಲಿ, ಮೈಕ್ರೋಸಾಫ್ಟಿನ ಎಂಜಿನಿಯರುಗಳು ಅಳೆದು ಹೇಳಿದ್ದರು: ಪೇಜ್‌ಫೈಲಿನಿಂದ ಸುಮಾರು 40 ಸಲ ಓದಿದರೆ ಒಂದು ಸಲ ಬರೆಯುತ್ತದೆ. ಎಸ್‌ಎಸ್‌ಡಿಗೆ ಇದಕ್ಕಿಂತ ಹೊಂದುವ ಫೈಲು ಸಿಗುವುದು ಕಷ್ಟ ಎಂಬ ಅರ್ಥದ ಮಾತೂ ಅವರದು. ಎಸ್‌ಎಸ್‌ಡಿ ಸಿ ಯಲ್ಲೂ, ಹಳೆಯ ಹಾರ್ಡ್ ಡಿಸ್ಕ್ ಡಿ ಯಲ್ಲೂ ಇರುವ ಯಂತ್ರದಲ್ಲಿ ಫೈಲನ್ನು ಡಿ ಗೆ ಅಟ್ಟಿದವರಿಗೆ ಅಂಗಡಿಯವನು ಅದನ್ನು ವಾಪಸು ಸಿ ಗೇ ತಂದುಕೊಡುತ್ತಾನೆ.

ಅವನಿಗೆ ನಿಜವಾದ ಅಳುಕು ಬೇರೆ ಕಡೆ. ಮೆಮೊರಿಯಲ್ಲಿದ್ದದ್ದೆಲ್ಲ ಪೇಜ್‌ಫೈಲಿಗೆ ಬರಬಹುದು, ಬಂದದ್ದು ಯಂತ್ರ ಆರಿಸಿದ ಮೇಲೂ ಡಿಸ್ಕಿನಲ್ಲಿ ಉಳಿಯುತ್ತದೆ. ಆನವಟ್ಟಿ, ಜಡೆ, ಶಿರಾಳಕೊಪ್ಪದ ಆನ್‌ಲೈನ್ ಅಂಗಡಿಗಳ ಯಂತ್ರಗಳಲ್ಲಿ ದಿನವಿಡೀ ತೆರೆಯುವುದೇನು? ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು. ಶಟ್‌ಡೌನ್ ಹೊತ್ತಿಗೆ ಪೇಜ್‌ಫೈಲನ್ನು ಅಳಿಸಲು ರಿಜಿಸ್ಟ್ರಿಯಲ್ಲಿ ‘ಕ್ಲಿಯರ್‌ಪೇಜ್‌ಫೈಲ್‌ಅಟ್‌ಶಟ್‌ಡೌನ್’ ಎಂಬ ಕೀಲಿಯಿದೆ. ಅದನ್ನು 1 ಮಾಡಿದರೆ ಯಂತ್ರ ಆರಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ, ಕರೆಂಟು ಹೋಗುವ ಊರಿನಲ್ಲಿ ಅಂಗಡಿಯವರಿಗೆ ಅಷ್ಟು ತಾಳ್ಮೆಯಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಹಳೆಯ ಯಂತ್ರ ಕೊಟ್ಟು ಹೊಸದು ಕೊಳ್ಳಬೇಕೆನ್ನುವವರು ಹೆಚ್ಚಾಗಿದ್ದಾರೆ. ಅಂಥ ಹಳೆಯದನ್ನು ಕೊಳ್ಳುವಾಗ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಅಳಿಸಿ ಮುಗಿಸದೆ ಅವನು ಹಣ ಎಣಿಸುವುದಿಲ್ಲ. ಹಾರ್ಡ್ ಡಿಸ್ಕಾದರೆ ಗಂಟೆಗಟ್ಟಲೆ ಕಾಯಬೇಕು ಎಂದಾಗ, ಶಿಕಾರಿಪುರದ ಕೊನೆಯ ಬಸ್ಸು ತಪ್ಪುತ್ತದೆ, ಡಿಸ್ಕು ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದು ಎದ್ದು ನಿಲ್ಲುವವರೇ ಜಾಸ್ತಿ.