ನೋಡದೇ ಬರೆದ ಬಿ.ಪಿ.

ಹೋದ ಸಲ ತೊಗರಿಬ್ಯಾಳಿಗೆ ಹುಳ ಬೀಳಲಾರದಂಗ ಇಡೋದು ಹ್ಯಾಂಗ ಅಂತ ಬರೆದಿದ್ದೆ. ಈ ಸಲ ಅಡಗಿಮನಿ ಮಾತಲ್ಲ, ದವಾಖಾನಿ ಮಾತು. ಆದ್ರೂ ಇದು ಮನಿ ಮಾತೇ ಅಂತ ನನಗ ಅನಸ್ತದ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿ ಈಗ ಓಣಿಗೊಬ್ಬ ಹುಡುಗಿ ನರ್ಸಿಂಗ್ ಓದ್ಲಾಕ ಹೋಗ್ಯಾಳ. ಮೊದಲ ಸಿಮೆಂಟ್ ಕಾರ್ಖಾನಿ, ಫರಸಿ ಕಲ್ಲಿನ ಖಣಿ ಅಂತ ಗಂಡಸರ ದುಡಿಮಿ ಮ್ಯಾಲ ಮನಿ ನಡೀತಿದ್ದವು. ನಮ್ಮ ಕುರಕುಂಟಾದ ಸಿ.ಸಿ.ಐ. ಕಾರ್ಖಾನಿ ಬಂದಾದ ಮ್ಯಾಲ ಎಷ್ಟೋ ಮನ್ಯಾಗ ಮಗಳ ಪಗಾರ ಬಂದ್ರನೇ ಕಿರಾಣಿ ಉದ್ರಿ ಮುಟ್ಟೋದು. ಅಂಥಾ ಮನಿ ತಾಯಂದಿರು ಓದ್ಲಿ ಅಂತ ಬರೀಲಾಕತ್ತೀನಿ. ದವಾಖಾನಿ ಹೆಸರು ಬರೆಯಂಗಿಲ್ಲ, ಆ ಹುಡುಗಿ ಹೆಸರೂ ಬರೆಯಂಗಿಲ್ಲ.

ನನ್ನ ಸಣ್ಣ ಮಗಳು ಜಿ.ಎನ್.ಎಂ. ಮುಗಿಸಿ ದೊಡ್ಡ ಊರಿನ ಒಂದು ಖಾಸಗಿ ದವಾಖಾನ್ಯಾಗ ಸಿಸ್ಟರ್ ಆಗಿದ್ದಾಳ. ಒಂದು ದಿನ ಮುಂಜಾನಿ ಡ್ಯೂಟಿಗೆ ಹೋದಳು. ರಾತ್ರಿ ಪಾಳಿಯಾಕಿ ಫೈಲ್ ಒಪ್ಪಿಸಿ, "ಎಲ್ಲಾ ಛಲೋ ಅದ" ಅಂತ ಹೇಳಿ ಹೋದಳು. ವಾರ್ಡಿನ್ಯಾಗ ಲಕ್ವಾ ಹೊಡೆದ ಮುತ್ಯಾ ಒಬ್ಬರು ಇದ್ದರು. ಒಂದು ಕಡಿ ಕೈಕಾಲು ಬಿದ್ದಿದ್ದವು, ಬಾಯಿಲೆ ಮಾತೂ ಸರಿ ಬರ್ತಿರಲಿಲ್ಲ. ಅವರ ಚಾರ್ಟಿನ್ಯಾಗ ರಾತ್ರಿ 10ಕ್ಕ, 2ಕ್ಕ, ನಸಕಿನ 6ಕ್ಕ ಮೂರು ಸಲ ನೋಡಿದಂಗ ಬರೆದಿತ್ತು. ಮೂರೂ ಸಲ ಬಿ.ಪಿ. 120/80, ಉರಿ 98.6, ಉಸಿರು 20. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಬೆನ್ನು ಒರೆಸೀನಿ ಅಂತ ಸಹೀನೂ ಇತ್ತು.

ನನ್ನ ಮಗಳು ಮುತ್ಯಾನ ಹಣಿ ಮುಟ್ಟಿದಳು. ಸುಡ್ತಿತ್ತು. ಥರ್ಮಾಮೀಟರ್ ಹಚ್ಚಿದರ 102 ದಾಟಿತ್ತು. ಮಗ್ಗಲು ಹೊರಳಿಸಿದರ ಕೆಳಗಿನ ಚಾದರದ ಮ್ಯಾಲ ಮೂತ್ರ ಒಣಗಿ ಕಲಿ ಬಿದ್ದಿತ್ತು, ಸೊಂಟದ ಹಿಂದ ಚರ್ಮ ಕೆಂಪಾಗಿ ಕಿತ್ತಿತ್ತು. ಮಂಚದ ಕೆಳಗ ಮಲಗಿದ್ದ ಅವರ ಮಗ ಎದ್ದು, "ರಾತ್ರಿ ಯಾರೂ ಬಂದಿಲ್ರಿ ಸಿಸ್ಟರ್. ನಾ ಎರಡು ಸಲ ಹೋಗಿ ಕರದೆ, ಬರ್ತೀನಿ ಅಂದ್ರು" ಅಂದ.

ಆಕಿ ಮೊದಲ ಮಾಡಿದ್ದು ಜಗಳ ಅಲ್ಲ. ಮುತ್ಯಾನ ಮೈ ಒರೆಸಿ ಚಾದರ ಬದಲಿಸಿದಳು. ಡಾಕ್ಟರ್ರಿಗೆ ಫೋನ್ ಹಚ್ಚಿ ಹೇಳಿದಳು. ತಾನು ನೋಡಿದ್ದನ್ನ ತಾನು ನೋಡಿದ ಟೈಮ್ ಹಾಕಿ ಕೆಳಗ ಬರೆದಳು. ಮ್ಯಾಲ ಇದ್ದದ್ದನ್ನ ಹೊಡೆದು ಹಾಕಲಿಲ್ಲ, ತಿದ್ದಲಿಲ್ಲ. ಒಬ್ಬರ ಸಹಿ ಇದ್ದದ್ದನ್ನ ಇನ್ನೊಬ್ಬರು ಮುಟ್ಟಬಾರದಂತ. ತನ್ನ ಬರಹದಾಗೇ ತಪ್ಪಾದ್ರೂ ಒಂದೇ ಗೆರಿ ಎಳೆದು ಪಕ್ಕಕ್ಕ ಸಹಿ ಮಾಡಬೇಕು, ವೈಟ್‌ನರ್ ಬಳಿಬಾರದು ಅಂತ ಅವರ ಓದಿನಾಗೇ ಕಲಿಸ್ತಾರ. ಆಮ್ಯಾಲ ಉಳಿದ ಮಂಚದ ಫೈಲ್ ತಗದು ನೋಡಿದಳು. ಎಂಟು ಮಂದಿಗೆ ಅದೇ 120/80, ಅದೇ 98.6, ಅದೇ 20. ಒಂದೇ ಪೆನ್ನು, ಒಂದೇ ಕೂತಿಗಿ. ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಮುದುಕಿಗೂ ರಾತ್ರಿಯೆಲ್ಲ ಒಂದೇ ಬಿ.ಪಿ. ಇರ್ತದೇನ್ರಿ?

ಅವತ್ತ ಸಂಜಿಗೆ ನನಗ ಫೋನ್ ಮಾಡಿ, "ಅವ್ವಾ, ನಾ ಏನ್ ಮಾಡ್ಲಿ?" ಅಂದಳು. ಯಾಕಂದ್ರ ಆ ಹುಡುಗಿ ಬ್ಯಾರೆ ಯಾರೂ ಅಲ್ಲ, ಒಂದೇ ಖೋಲ್ಯಾಗ ಇರೋ ಗೆಳತಿ. ನಮ್ಮೂರು ದಾಟಿ ಮುಂದಿನ ಹಳ್ಳಿಯಾಕಿ. ನಾ ಕಟ್ಟಿ ಕಳಿಸಿದ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಇಬ್ಬರೂ ಹಂಚಿಕೊಂಡು ತಿಂದೋರು. ಅಪ್ಪ ಇಲ್ಲ, ಇಬ್ಬರು ತಮ್ಮಂದಿರು ಓದ್ಲಾಕತ್ತಾರ, ಆಕಿ ಪಗಾರದ ಮ್ಯಾಲೇ ಮನಿ ನಿಂತದ.

ನಮ್ಮ ಮನ್ಯಾಗ ತಲಿಗೊಂದು ಮಾತು ಬಂತು. ಆಕಿ ಅಪ್ಪ, "ನೀ ನಿನ್ನ ಕೆಲಸ ನೋಡಿಕೊ, ಮಂದಿ ಉಸಾಬರಿ ಬ್ಯಾಡ" ಅಂದ್ರು. ನಮ್ಮ ಮೈದುನ, "ಫೋಟೊ ಹೊಡೆದು ವಾಟ್ಸಾಪಿನ್ಯಾಗ ಬಿಡು, ಬುದ್ಧಿ ಬರ್ತದ" ಅಂದ. ನಾ ಪಿ.ಯು.ಸಿ. ತನಕ ಓದಿದಾಕಿ, ನನಗ ನರ್ಸಿಂಗ್ ತಿಳಿಯಂಗಿಲ್ಲ. ಆದ್ರ ಮೂರು ಮಾತು ಕೇಳಿದೆ. ಮುತ್ಯಾ ಈಗ ಹ್ಯಾಂಗ ಇದ್ದಾರ? ನೀ ಕಣ್ಣಲೆ ನೋಡಿದ್ದು ಏನು, ಅಂದಾಜು ಮಾಡಿದ್ದು ಏನು? ಆಕಿ ಬರೆದದ್ದನ್ನ ಆಮ್ಯಾಲ ಯಾರು ಓದ್ತಾರ?

ಮೂರನೇ ಮಾತಿಗೆ ಆಕಿ ಬಕ್ಕಳ ಹೊತ್ತು ಬಿಡಿಸಿ ಹೇಳಿದಳು. ಡಾಕ್ಟರ್ರು ಒಬ್ಬ ಪೇಶಂಟ್ ಹತ್ತಿರ ಐದು ನಿಮಿಷ ನಿಂದರ್ತಾರ. ಉಳಿದ ಇಪ್ಪತ್ನಾಕು ತಾಸು ಏನಾತು ಅನ್ನೋದು ಅವರಿಗೆ ಚಾರ್ಟಿನಿಂದನೇ ಗೊತ್ತಾಗಬೇಕು. ಉರಿ ಏರಿ ಇಳಿಲಾಕತ್ತದೋ, ಒಂದೇ ಸವನ ಅದನೋ ಅಂತ ಗೆರಿ ನೋಡಿ ಔಷಧ ಬದಲಿಸ್ತಾರ. ರಕ್ತದಾಗ ಸೋಂಕು ಹಬ್ಬಲಾಕತ್ತಿದ್ರ ಬಿ.ಪಿ. ಬೀಳೋಕಿಂತ ಮೊದಲ ಬಹಳ ಮಂದಿಗೆ ನಾಡಿ, ಉಸಿರು ಜೋರಾಗ್ತಾವ. ಅದಕ್ಕೇ ಉಸಿರು ಒಂದು ಪೂರಾ ನಿಮಿಷ ಎಣಸಬೇಕು ಅಂತ ಕಲಿಸ್ತಾರ. ಎದಿ ಏರೋದು ಇಳಿಯೋದು ನೋಡ್ಕೊಂತ ಸುಮ್ಮ ನಿಲ್ಲೋ ಆ ಒಂದು ನಿಮಿಷ ಬ್ಯಾಸರ ಆಗಿ, ಕೂತಲ್ಲೇ ಕೂತು 20 ಅಂತ ಬರೆದುಬಿಡ್ತಾರ. ಇಂಜೆಕ್ಷನ್ ಕೊಡದೇ ಕೊಟ್ಟೀನಿ ಅಂತ ಬರೆದ್ರ ಮುಂದಿನಾಕಿ ಕೊಡಂಗಿಲ್ಲ. ಕೊಟ್ಟು ಬರೀಲಿಲ್ಲಂದ್ರ ಮತ್ತೊಮ್ಮೆ ಕೊಡ್ತಾಳ. ಇನ್ಸುಲಿನ್ ಎರಡು ಸಲ ಬಿದ್ರ ಮನಷ್ಯಾ ಕಣ್ಣು ತೆರೆಯಂಗಿಲ್ಲ.

ಇದು ಕೇಳಿದ ಮ್ಯಾಲ ನನಗ ಒಂದು ಮಾತು ಸ್ವಚ್ಛ ಆತು. ಈ ಸುಳ್ಳು ಮ್ಯಾಲಿನವರಿಗೆ ಹೇಳಿದ ಸುಳ್ಳಲ್ಲ. ಮುಂದಿನ ಪಾಳಿಯಾಕಿ ಕಣ್ಣಿಗೆ ಬಟ್ಟಿ ಕಟ್ಟಿದಂಗ. ಆ ಮುಂದಿನ ಪಾಳಿಯಾಕಿ ನನ್ನ ಮಗಳೇ ಇದ್ದಳು. ನಾಳಿಗೆ ಮುತ್ಯಾಗ ಏನರ ಆಗಿದ್ರ ಆಕಿ ಡ್ಯೂಟಿಯಾಗೇ ಆಗಿದ್ದು ಅಂತ ಬರೀತಿದ್ರು.

"ಮೊದಲ ಆಕಿ ಸಂಗಟ ಮಾತಾಡು, ಇಬ್ಬರೇ ಇದ್ದಾಗ" ಅಂತ ಹೇಳಿದೆ. ಖೋಲ್ಯಾಗ ಚಾ ಕುಡಿಯೋ ಮುಂದ ಕೇಳ್ಯಾಳ. ಆ ಹುಡುಗಿ ಮೊದಲ ಸಿಟ್ಟಾದಳು, ಆಮ್ಯಾಲ ಅತ್ತಳು. ಅವತ್ತ ರಾತ್ರಿ 26 ಮಂಚಕ್ಕ ಆಕಿ ಒಬ್ಬಾಕಿನೇ. ಆಯಾ ರಜಾದಾಗಿದ್ದಳು. ಹೊಸಾ ಪೇಶಂಟ್ ಎರಡು ಬಂದಿದ್ದವು, ಅದರಾಗ ಒಬ್ಬನಿಗೆ ನಸಕ ಹರಿಯೋ ತನಕ ವಾಂತಿ. "ಚಾರ್ಟಿನ ಖಾನಿ ಖಾಲಿ ಬಿಟ್ರ ಮುಂಜಾನಿ ಎಲ್ಲಾರ ಮುಂದ ಬೈತಾರ. ತುಂಬಿದ್ರ ಯಾರೂ ಏನೂ ಕೇಳಂಗಿಲ್ಲ. ನೀನೇ ಹೇಳು, ನಾ ಏನ್ ಮಾಡಬೇಕಿತ್ತು?" ಅಂದಳಂತ.

ಆಕಿ ಮಾತಿನಾಗ ಖರೇ ಅದ. ಜನರಲ್ ವಾರ್ಡಿನಾಗ 6 ಮಂಚಕ್ಕ ಒಬ್ಬ ನರ್ಸ್ ಇರಬೇಕು ಅಂತ ಕೇಂದ್ರ ಸರಕಾರದ ಎಸ್.ಐ.ಯು. ಲೆಕ್ಕನೇ ಅದ. ಅಲ್ಲಿ 26ಕ್ಕ ಒಬ್ಬಾಕಿ. ಖಾಲಿ ಬಿಟ್ಟಾಕಿಗೆ ಬೈಗುಳ, ಸುಳ್ಳು ತುಂಬಿದಾಕಿಗೆ ಶಾಬಾಸ್ ಅಂದ್ರ ಹುಡುಗ್ಯಾರು ಏನ್ ಕಲೀತಾರ? ಆದ್ರ ನನ್ನ ಮಗಳು ಆಕಿಗೆ ಹೇಳಿದ್ದೂ ಖರೇನೇ. "ಖಾಲಿ ಖಾನಿ ನೋಡಿದ್ರ, ಇಲ್ಲಿ ಯಾರೂ ನೋಡಿಲ್ಲ, ನಾನರ ನೋಡಬೇಕು ಅಂತ ನನಗ ಗೊತ್ತಾಗ್ತಿತ್ತು. 98.6 ನೋಡಿದ ಮ್ಯಾಲ ನಾ ಯಾಕ ಮುತ್ಯಾನ ಹತ್ರ ಮೊದಲ ಹೋಗ್ಲಿ?" ಅವತ್ತ ಹಣಿ ಮುಟ್ಟಿದ್ದು ದೈವದಾಟ ಅಂತ ಆಕಿ ಈಗಲೂ ಅಂತಾಳ.

"ಇನ್ನೊಮ್ಮೆ ಮಾಡಂಗಿಲ್ಲ" ಅಂತ ಆ ಹುಡುಗಿ ಮಾತು ಕೊಟ್ಟಳು. ಮೂರನೇ ರಾತ್ರಿ ಮತ್ತ ಅದೇ ಆತು. ಈ ಸಲ ಬರೆದಿದ್ದು ಸಕ್ಕರಿ ಜಡ್ಡಿನ ಹೆಣ್ಣಮಗಳ ಚಾರ್ಟಿನಾಗ. ನಸಕಿನ ಸಕ್ಕರಿ ಪರೀಕ್ಷಾದ್ದು ನಂಬರ್ ಇತ್ತು, ಆದ್ರ ಮಶೀನಿನ ನೆನಪಿನಾಗ ಆ ಹೊತ್ತಿಗೆ ಯಾವ ಪರೀಕ್ಷಾನೂ ಇರಲಿಲ್ಲ.

ಅವಾಗ ನನ್ನ ಮಗಳು ಇನ್‌ಚಾರ್ಜ್ ಸಿಸ್ಟರಿಗೆ ಬರೆದು ಕೊಟ್ಟಳು. ಕೊಡೋಕಿಂತ ಮೊದಲ ಗೆಳತಿಗೆ, "ನಾ ಇವತ್ತ ಬರೆದು ಕೊಡ್ಲಾಕತ್ತೀನಿ, ನಿನ್ನ ಬೆನ್ನ ಹಿಂದ ಬ್ಯಾಡಂತ ಹೇಳ್ತೀನಿ" ಅಂದಳು. ಆ ಕಾಗದ ನನಗ ಫೋನಿನಾಗ ಓದಿ ತೋರಿಸಿದಳು. ಅದರಾಗ ಸುಳ್ಳಿ ಅನ್ನೋ ಮಾತಿಲ್ಲ, ಸೋಮಾರಿ ಅನ್ನೋ ಮಾತಿಲ್ಲ. ಯಾವ ತಾರೀಖು, ಯಾವ ಮಂಚ, ಎಷ್ಟು ಹೊತ್ತಿಗೆ ಚಾರ್ಟಿನಾಗ ಏನಿತ್ತು, ನಾ ಎಷ್ಟು ಹೊತ್ತಿಗೆ ನೋಡಿದಾಗ ಏನಿತ್ತು, ಯಾರಿಗೆ ಹೇಳಿದೆ. ಅಷ್ಟೇ. ಕಡೀಕ ಒಂದು ಸಾಲು: ಆ ರಾತ್ರಿ 26 ಮಂಚಕ್ಕ ಒಬ್ಬರೇ ಇದ್ದರು. ಈ ಸಾಲು ಬಿಟ್ಟಿದ್ರ ಆ ಕಾಗದ ಅರ್ಧ ಖರೇ ಆಗ್ತಿತ್ತು. ಪೇಶಂಟ್ ಫೈಲಿನ ಫೋಟೊ ಹೊಡೀಲಿಲ್ಲ, ಅದು ಪೇಶಂಟಿನ ಗುಟ್ಟು. ವಾಟ್ಸಾಪಿನ ಮಾತು ಅಲ್ಲಿಗೇ ಮುಗೀತು.

ಇಂಥಾದ್ದು ನಮ್ಮ ಕಡಿ ಅಷ್ಟೇ ಆಗ್ತದಂತ ತಿಳಿಬ್ಯಾಡ್ರಿ. ಇಂಗ್ಲೆಂಡಿನ ಸ್ಟಾಫರ್ಡ್ ದವಾಖಾನ್ಯಾಗ ಹೆಲೀನ್ ಡಾನೆಲಿ ಅನ್ನೋ ನರ್ಸ್ ಇದ್ದಳು. ತುರ್ತು ವಿಭಾಗಕ್ಕ ಬಂದ ರೋಗಿನ್ನ 4 ತಾಸಿನೊಳಗ ನೋಡಿ ಕಳಿಸಬೇಕು ಅಂತ ಅಲ್ಲಿ ನಿಯಮ. ಆಗದಿದ್ರ ಟೈಮ್ ಸುಳ್ಳು ಬರೀರಿ ಅಂತ ಮ್ಯಾಲಿನ ಸಿಸ್ಟರ್‌ಗಳೇ ಹೇಳ್ತಿದ್ರು. ಆಕಿ ದೂರು ಕೊಟ್ಟಳು. ಸಂಗಟಿದ್ದವರೇ ಹೆದರಿಸಿದ್ರು. ರಾತ್ರಿ ಡ್ಯೂಟಿ ಮುಗಿಸಿ ಕಾರಿನ ತನಕ ಒಬ್ಬಾಕಿನೇ ನಡಿಲಾಕ ಅಂಜಿಕಿ ಬರೋವಷ್ಟು. ಆಮ್ಯಾಲ ಆ ದವಾಖಾನಿ ಮ್ಯಾಲ ದೊಡ್ಡ ವಿಚಾರಣಿ ನಡೀತು, ರಾಬರ್ಟ್ ಫ್ರಾನ್ಸಿಸ್ ಅನ್ನೋ ವಕೀಲರ ವರದಿ 2013ರಾಗ ಬಂತು. ರೋಗಿಗೆ ಕೇಡಾದ್ರ ದವಾಖಾನಿ ಮುಚ್ಚಿಡದೇ ಹೇಳಬೇಕು ಅಂತ 2014ರಾಗ ಅಲ್ಲಿ ಕಾನೂನೇ ಆತು. ಅಲ್ಲಿನೂ ಬಾಯಿ ಬಿಟ್ಟವರಾಗ ರೋಗಿಗಳ ನಡುವ ಓಡಾಡೋ ನರ್ಸ್ ಒಬ್ಬಾಕಿ ಇದ್ದಳು.

ನಮ್ಮಲ್ಲಿ ಏನಾತು ಅಂದ್ರ, ಇನ್‌ಚಾರ್ಜ್ ಸಿಸ್ಟರ್ ಆ ಕಾಗದ ನಾಲ್ಕು ದಿನ ಟೇಬಲ್ ಒಳಗ ಇಟ್ಟರು. ನನ್ನ ಮಗಳು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಮ್ಮರಿಗೆ ಒಂದು ಪ್ರತಿ ಕೊಟ್ಟಳು. ಅವರು ಇಬ್ಬರನ್ನೂ ಕರೆಸಿದ್ರು. ಆ ಹುಡುಗಿ ಕೆಲಸ ಹೋಗಲಿಲ್ಲ. ಎಚ್ಚರಿಕಿ ಪತ್ರ ಕೊಟ್ಟು ಹಗಲು ಒ.ಪಿ.ಡಿ.ಗೆ ಹಾಕಿದ್ರು. ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಬಂದಳು. ಟೇಬಲ್ ಮ್ಯಾಲ ಗುಡ್ಡಿ ಹಾಕ್ತಿದ್ದ ಚಾರ್ಟ್ ಈಗ ಮಂಚದ ಕಾಲಕಡಿ ತೂಗು ಬಿಡ್ತಾರ, ಬರೀಬೇಕಂದ್ರ ಪೇಶಂಟ್ ತನಕ ನಡೆದು ಹೋಗಲೇಬೇಕು. ಮುತ್ಯಾನ ಉರಿ ವಾರದಾಗ ಇಳೀತು, ಹುಣ್ಣು ಒಣಗಲಾಕ ತಿಂಗಳ ಮ್ಯಾಲಾತು.

ಎಲ್ಲಾ ಛಲೋ ಆತು ಅಂತ ಬರೆಯಂಗಿಲ್ಲ. ಗೆಳತಿ ಖೋಲಿ ಬಿಟ್ಟು ಹೋದಳು. ಉಳಿದ ಸಿಸ್ಟರ್‌ಗಳು ನನ್ನ ಮಗಳಿಗೆ ಚಾಡಿಕೋರಿ ಅಂತ ಹೆಸರಿಟ್ಟರು, ಎರಡು ತಿಂಗಳು ಊಟಕ್ಕ ಸಂಗಟ ಕರೀಲಿಲ್ಲ. ಫೋನಿನಾಗ ದನಿ ಸಣ್ಣ ಆಗಿರ್ತಿತ್ತು. ಊರಿಗೆ ಬಂದುಬಿಡು ಅಂತ ನಾಲಗಿ ತುದಿ ತನಕ ಬರ್ತಿತ್ತು ನನಗ. ಅನಲಿಲ್ಲ.

ನೀವು ಪೇಶಂಟ್ ಸಂಗಟ ದವಾಖಾನ್ಯಾಗ ಕೂಡೋ ಹೊತ್ತು ಬಂದ್ರ, ಸಿಸ್ಟರ್ ಬಿ.ಪಿ. ನೋಡಿದ ಕೂಡಲೇ, "ಎಷ್ಟು ಬಂತ್ರಿ ಯವ್ವಾ?" ಅಂತ ಸಮಾಧಾನದಿಂದ ಕೇಳ್ರಿ. ಒಂದು ಚೀಟಿ ಮ್ಯಾಲ ಟೈಮ್ ಹಾಕಿ ಬರೆದಿಡ್ರಿ. ನೋಡಲಾಕ ಬರಲಿಲ್ಲಂದ್ರ ಹೋಗಿ ಕರೀರಿ, ಮತ್ತೂ ಬರಲಿಲ್ಲಂದ್ರ ಇನ್‌ಚಾರ್ಜ್ ಸಿಸ್ಟರಿಗೆ ಹೇಳ್ರಿ. ಫೈಲಿನ ನಕಲು ಬೇಕಂದ್ರ ಕೇಳಲಾಕ ನಿಮಗ ಹಕ್ಕದ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಕೇಳಿದ 72 ತಾಸಿನೊಳಗ ಕೊಡಬೇಕು, 3 ವರ್ಷ ಕಾಯ್ದಿಡಬೇಕು. ಆದ್ರ ನರ್ಸ್ ಹುಡುಗ್ಯಾರ ಮ್ಯಾಲ ಒದರಬ್ಯಾಡ್ರಿ, ಕೈ ಎತ್ತಬ್ಯಾಡ್ರಿ. ಒಬ್ಬಾಕಿ ಎಷ್ಟು ಮಂಚ ನೋಡ್ಲಾಕತ್ತಾಳ ಅಂತ ಮೊದಲ ಎಣಸ್ರಿ.

ಹೋದ ತಿಂಗಳು ಸೇಡಂ ಬಸ್‌ಸ್ಟ್ಯಾಂಡಿನ್ಯಾಗ ಆ ಹುಡುಗಿ ಅವ್ವ ಭೆಟ್ಟಿ ಆದಳು. "ನಿನ್ನ ಮಗಳು ನನ್ನ ಮಗಳ ಅನ್ನಕ್ಕ ಕೈ ಹಾಕಿದಳಲ್ಲ ಅಕ್ಕಾ" ಅಂದಳು. ನಾ ಏನೂ ಎದುರು ಮಾತಾಡಲಿಲ್ಲ. ನಾ ಆಕಿ ಜಾಗಾದಾಗ ಇದ್ರ ನನಗೂ ಹಂಗೇ ಅನಸ್ತಿತ್ತು. "ಆಕಿ ಈಗ ಹ್ಯಾಂಗದಾಳ?" ಅಂತಷ್ಟೇ ಕೇಳಿದೆ. "ಹಗಲಿ ಡ್ಯೂಟಿ ಮಾಡ್ತಾಳ. ರಾತ್ರಿ ನಿದ್ದಿ ಆಗ್ಲಾಕತ್ತದಂತ" ಅಂದಳು. ಬಸ್ ಬಂತು, ಮಂದಿ ತುಂಬಿದ್ರು. ಆಕಿ ಮೊದಲ ಹತ್ತಿ ಕಿಡಕಿ ಕಡಿ ಕೂತು, ಮಗ್ಗಲಿನ ಸೀಟಿನ ಮ್ಯಾಲಿಂದ ತನ್ನ ಚೀಲ ಎತ್ತಿ ತೊಡಿ ಮ್ಯಾಲ ಇಟ್ಟುಕೊಂಡಳು. ನಾ ಕೂತೆ. ಕುರಕುಂಟಾ ಬರೋ ತನಕ ಇಬ್ಬರೂ ಮಾತಾಡಲಿಲ್ಲ.