ಹಾದಿಯ ಮೇಲಣ ಅಂಗಡಿ

ಪ್ರಯಾಣಕ್ಕೆ ಹೊರಟವರ ಗಂಟು ಕಟ್ಟುವುದು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ. ಗಂಟು ದೊಡ್ಡದಾದಷ್ಟೂ ನಮಗೆ ಸಮಾಧಾನ. ದಾರಿಯಲ್ಲಿ ಹಸಿವಾದೀತೆಂದು ಒಂದು ಡಬ್ಬಿ, ಚಳಿಯಾದೀತೆಂದು ಒಂದು ಹೊದಿಕೆ, ಜ್ವರ ಬಂದೀತೆಂದು ಒಂದು ಸೀಸೆ, ಹೀಗೆ ಸೇರುತ್ತಲೇ ಹೋಗುವುವು. ರೈಲಿನಲ್ಲಿಯೋ ಮೋಟಾರಿನಲ್ಲಿಯೋ ಹೋಗುವವರಿಗೆ ಇದರಿಂದ ದೊಡ್ಡ ಕೇಡಿಲ್ಲ. ಭಾರವನ್ನು ಬಂಡಿ ಹೊರುವುದು. ಗಂಟನ್ನು ತಮ್ಮ ಬೆನ್ನಿನ ಮೇಲೆಯೇ ಹೊತ್ತು ಬೆಟ್ಟ ಹತ್ತಿ ಇಳಿಯುವವರ ಸಂಗತಿ ಬೇರೆ. ಇದು ನನಗೆ ಚೆನ್ನಾಗಿ ಮನದಟ್ಟಾದುದು 2019ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಜಾರ್ಜಿಯಾ ಸಂಸ್ಥಾನದ ಒಂದು ಕಣಿವೆಬಾಯಿಯ ಅಂಗಡಿಯಲ್ಲಿ.

ಅಮೆರಿಕದ ಮೂಡಣ ಭಾಗದಲ್ಲಿ ಅಪಲೇಚಿಯನ್ ಎಂಬ ಪರ್ವತಶ್ರೇಣಿಯಿದೆ. ಅದರ ಬೆನ್ನಿನ ಮೇಲೆ ಕೇವಲ ನಡೆಯುವವರಿಗಾಗಿಯೇ ಒಂದು ಕಾಲುಹಾದಿಯುಂಟು. ಬೆಂಟನ್ ಮೆಕೈ ಎಂಬ ಮಹನೀಯರು 1921ರಲ್ಲಿ ಇದರ ಯೋಚನೆಯನ್ನು ಜನರ ಮುಂದಿಟ್ಟರು; 1937ರಲ್ಲಿ ಹಾದಿ ಪೂರ್ತಿಯಾಯಿತು. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಮೊದಲಾಗಿ, ಹದಿನಾಲ್ಕು ಸಂಸ್ಥಾನಗಳನ್ನು ಹಾಯ್ದು, ಉತ್ತರದಲ್ಲಿ ಮೇನ್ ಸಂಸ್ಥಾನದ ಕಟಾಡಿನ್ ಶಿಖರದಲ್ಲಿ ಇದು ಮುಗಿಯುವುದು. ಉದ್ದ ಸುಮಾರು 2,190 ಮೈಲಿ. ಇಷ್ಟನ್ನೂ ಒಂದೇ ಸಲಕ್ಕೆ ನಡೆಯುವವರಿಗೆ ಐದಾರು ತಿಂಗಳು ಹಿಡಿಯುವುದು.

ಅಟ್ಲಾಂಟಾ ನಗರದಲ್ಲಿ ಕೆಲಸದಲ್ಲಿದ್ದ ನಮ್ಮ ಮಗಳು ಮೂರು ವಾರದ ರಜೆ ಪಡೆದು, ಈ ಹಾದಿಯ ಮೊದಲ 165 ಮೈಲಿಯನ್ನು ಒಬ್ಬಳೇ ನಡೆಯುವೆನೆಂದು ಹಟ ಹಿಡಿದಳು. ನಾವು ಆಗ ಅವಳ ಮನೆಗೆ ಹೋಗಿದ್ದೆವು. ತೀರ್ಥಹಳ್ಳಿಯ ಕಡೆಯವಳಾದ ನನಗೆ ಕಾಡು ಹೊಸದಲ್ಲ. ಆದರೆ ಮಗಳು ಒಂಟಿಯಾಗಿ ಕಾಡಿನಲ್ಲಿ ಮಲಗುವಳೆಂಬುದು ಹೊಸದು. ಬೇಡವೆಂದೆ. ಅವಳು ಕೇಳಲಿಲ್ಲ. ಕೊನೆಗೆ ನನಗೆ ತೋಚಿದ ಉಪಾಯವೆಂದರೆ ಅವಳ ಚೀಲವನ್ನು ತುಂಬುವುದೊಂದೇ.

ಚೀಲವಾದರೋ ಮೊದಲೇ ತುಂಬಿತ್ತು. ನಗರದ ಒಂದು ದೊಡ್ಡ ಮಳಿಗೆಯಲ್ಲಿ ಅವಳು ಸಾಮಾನು ಕೊಂಡಿದ್ದಳು. ಅಲ್ಲಿಯ ಮಾರಾಟದ ಹುಡುಗ ಕೇಳಿದ್ದಕ್ಕೆಲ್ಲ "ಬೇಕಾದೀತು" ಎಂದನಂತೆ. ಇಬ್ಬರು ಮಲಗುವ ಡೇರೆ, ಕೈಗೊಡಲಿ, ಎರಡು ಪಾತ್ರೆ, ದಪ್ಪ ಜೀನ್ಸ್ ಷರಾಯಿಗಳು, ಅಂಗಾಲಿನ ಅಳತೆಗೆ ಸರಿಯಾಗಿ ಕೂತ ಗಟ್ಟಿ ಬೂಟುಗಳು ಬಂದಿದ್ದವು. ಅದರ ಮೇಲೆ ನನ್ನದು ಬೇರೆ: ನಮ್ಮ ಅತ್ತೆಯವರು ಹೊಲಿದ ಕೌದಿ, ಗಾಜಿನ ಸೀಸೆಯಲ್ಲಿ ಚಟ್ನಿಪುಡಿ, ಸ್ಟೀಲಿನ ಡಬ್ಬಿಯಲ್ಲಿ ಕೊಬ್ಬರಿಮಿಠಾಯಿ, ಒಂದು ಚೊಂಬು, ಎರಡನೆಯ ಟಾರ್ಚು, ಔಷಧಗಳ ಪೆಟ್ಟಿಗೆ.

ಸ್ಪ್ರಿಂಗರಿನಿಂದ ಸುಮಾರು 31 ಮೈಲಿ ನಡೆದರೆ ನೀಲ್ ಗ್ಯಾಪ್ ಎಂಬ ಕಣಿವೆಬಾಯಿ ಸಿಕ್ಕುವುದು. ಎತ್ತರ 3,125 ಅಡಿ. ಅಲ್ಲಿ ಮೋಟಾರು ರಸ್ತೆ ಕಾಲುಹಾದಿಯನ್ನು ಅಡ್ಡಲಾಗಿ ದಾಟುವುದು. ನಾಲ್ಕನೆಯ ದಿನ ಅಲ್ಲಿಗೆ ಬಂದು ಕಾಣುವೆವೆಂದು ಮಗಳಿಗೆ ಹೇಳಿದ್ದೆವು. ಅಟ್ಲಾಂಟಾದಿಂದ ಎರಡು ಗಂಟೆಯ ಪ್ರಯಾಣ. ಮರಗಳು ಇನ್ನೂ ಪೂರ್ತಿ ಚಿಗುರಿರಲಿಲ್ಲ. ಬೋಳು ಕೊಂಬೆಗಳ ನಡುವೆ ನೀಲಿಯ ಬೆಟ್ಟಗಳು ಒಂದರ ಹಿಂದೊಂದಾಗಿ ಕಾಣುತ್ತಿದ್ದವು.

ರಸ್ತೆಯ ಅಂಚಿನಲ್ಲಿಯೇ ಕಲ್ಲಿನ ಹಳೆಯ ಕಟ್ಟಡವೊಂದಿದೆ. ಹೆಸರು ವಲಾಸಿ-ಯೀ. ಚೆರೋಕೀ ಜನರ ಭಾಷೆಯಲ್ಲಿ ಇದು ಕಪ್ಪೆಯ ನೆಲೆ ಎಂಬ ಅರ್ಥದ ಮಾತಂತೆ. 1930ರ ದಶಕದಲ್ಲಿ, ದೇಶದಲ್ಲಿ ಉದ್ಯೋಗವಿಲ್ಲದೆ ಜನ ಕಂಗೆಟ್ಟಿದ್ದಾಗ, ಸರ್ಕಾರ ತರುಣರನ್ನು ಕೂಡಿಸಿ ಕಾಡಿನ ಕೆಲಸಗಳಿಗೆ ಹಚ್ಚಿತು. ಆ ದಳದವರು ಕಟ್ಟಿದ ಕಟ್ಟಡವಿದು. ಇದರ ನಡುವೆ ಮಾಡಿನ ಕೆಳಗೆ ಒಂದು ಓಣಿಯುಂಟು. ಕಾಲುಹಾದಿ ಆ ಓಣಿಯಲ್ಲಿಯೇ ಹಾದುಹೋಗುವುದು. ಎರಡು ಸಾವಿರ ಮೈಲಿಗೂ ಮಿಕ್ಕ ಹಾದಿ ಕಟ್ಟಡದೊಳಗೆ ನುಗ್ಗಿ ಹೊರಡುವ ಸ್ಥಳ ಇದೊಂದೇ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುವರು. ಓಣಿಯ ಮಗ್ಗುಲಿನಲ್ಲಿ ನಡೆಯುವವರಿಗೆ ಬೇಕಾದ ಸಾಮಾನಿನ ಅಂಗಡಿ.

ಹೊರಗೆ ಒಂದು ಮರವಿತ್ತು. ಅದರ ಕೊಂಬೆಗಳಲ್ಲಿ ಹಣ್ಣಿನ ಗೊಂಚಲಿನಂತೆ ಜೋತಾಡುತ್ತಿದ್ದವು ಬೂಟುಗಳು! ಇದೇನೆಂದು ವಿಚಾರಿಸಲು, ಕಟಾಡಿನ್ ಮುಟ್ಟುವೆನೆಂದು ಹೊರಟು ಇಲ್ಲಿಗೇ ಸಾಕಾದವರು ಬೂಟು ಕಳಚಿ ಎಸೆದು ಮನೆಗೆ ಹಿಂದಿರುಗುವರೆಂದು ತಿಳಿಯಿತು. ನಿಜ ಹೇಳುವೆನು: ಆ ಮರವನ್ನು ಕಂಡು ನನ್ನ ಮನಸ್ಸಿನಲ್ಲಿ ಒಂದು ಆಸೆ ಮೂಡಿತು.

ಮಧ್ಯಾಹ್ನ ಮೂರು ಗಂಟೆಗೆ ಮಗಳು ಬಂದಳು. ನೀಲ್ ಗ್ಯಾಪಿಗೆ ಬರುವ ಮುನ್ನ ಬ್ಲಡ್ ಮೌಂಟನ್ ಎಂಬ 4,458 ಅಡಿಯ ಬೆಟ್ಟವನ್ನು ಹತ್ತಿ, ಬಂಡೆಗಳ ಮೇಲೆ ಕಡಿದಾಗಿ ಇಳಿಯಬೇಕು. ಅವಳು ಇಳಿಯುತ್ತಿರಲಿಲ್ಲ, ಕುಂಟುತ್ತಿದ್ದಳು. ಹತ್ತಿರ ಬಂದು ಚೀಲವನ್ನು ನೆಲಕ್ಕೆ ಹಾಕಿ, ಬೂಟು ಬಿಚ್ಚಿದಳು. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು. ನಮ್ಮವರು ನೋಡಿದರು. "ಸಾಕು, ಕಾರಿನಲ್ಲಿ ಕೂತುಕೋ ಮಗು" ಎಂದರು. ಮಗಳು ಉತ್ತರ ಕೊಡಲಿಲ್ಲ. ಅವಳ ಕಣ್ಣಿನಲ್ಲಿ ನೀರಿತ್ತು. ಅದು ನೋವಿನದಲ್ಲವೆಂದು ತಾಯಿಗೆ ತಿಳಿಯದಿದ್ದೀತೆ?

ಅಂಗಡಿಯಾತ ಬಾಗಿಲಿಗೆ ಬಂದು ನಿಂತಿದ್ದರು. ನೆರೆತ ಗಡ್ಡ, ಒಣಗಿದ ಮೈಕಟ್ಟು. ಈ ಹಾದಿಯನ್ನು ತಾವೇ ಕೊನೆಯವರೆಗೂ ನಡೆದವರು. "ಹೋಗುವುದೋ ಬಿಡುವುದೋ ಆಮೇಲೆ ನೋಡೋಣ. ಮೊದಲು ಚೀಲವನ್ನು ತೂಗೋಣ" ಎಂದರು. ಕೊಕ್ಕೆಗೆ ಸಿಕ್ಕಿಸಿದಾಗ ಮುಳ್ಳು 42 ಪೌಂಡಿಗೆ ನಿಂತಿತು. ಹೊರುವವರ ಮೈತೂಕದ ಐದರಲ್ಲೊಂದು ಪಾಲಿಗಿಂತ ಹೊರೆ ಹೆಚ್ಚಿರಬಾರದೆಂಬುದು ಅವರ ಲೆಕ್ಕ. ಮಗಳ ತೂಕ 120 ಪೌಂಡು. ಅಂದರೆ ಹೊರೆ 24 ಪೌಂಡಿನ ಆಸುಪಾಸಿನಲ್ಲಿರಬೇಕಾಗಿತ್ತು.

ಅವರು ಚೀಲದ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿಸಿ, ಒಂದೊಂದನ್ನೂ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಈ ನಾಲ್ಕು ದಿನದಲ್ಲಿ ಇದನ್ನು ಎಷ್ಟು ಸಲ ಮುಟ್ಟಿದೆ?" ಕೈಗೊಡಲಿಯನ್ನು ಮುಟ್ಟಿರಲಿಲ್ಲ. ಎರಡನೆಯ ಪಾತ್ರೆ, ಎರಡನೆಯ ಟಾರ್ಚು, ಚೊಂಬು ಇವನ್ನೂ ಮುಟ್ಟಿರಲಿಲ್ಲ. ಜೀನ್ಸು ಮಳೆಯಲ್ಲಿ ನೆನೆದದ್ದು ಇನ್ನೂ ಒಣಗಿರಲಿಲ್ಲ. ಹತ್ತಿಯ ಬಟ್ಟೆ ನೀರನ್ನು ಹೀರಿ ಹಿಡಿದಿಡುವುದು. ಚಳಿಯಲ್ಲಿ ಅದು ಮೈಯ ಶಾಖವನ್ನೇ ಕದಿಯುವುದು. ಉಣ್ಣೆಯಾದರೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುವುದು ಎಂದು ವಿವರಿಸಿದರು. ನಮ್ಮ ಮಲೆನಾಡಿನ ಗದ್ದೆಯಲ್ಲಿ ಮಳೆಗಾಲಕ್ಕೆ ಕಂಬಳಿಯನ್ನೇ ಹೊದೆಯುವರಲ್ಲವೆ! ಬಲ್ಲ ಸಂಗತಿಯನ್ನೇ ನಾನು ಮರೆತಿದ್ದೆ.

ಕೌದಿಯ ಸರದಿ ಬಂತು. ಅದೊಂದೇ ಐದು ಪೌಂಡು. ಅವರು ಅದರ ಹೊಲಿಗೆಯನ್ನು ಬೆರಳಿನಿಂದ ಸವರಿ, ಯಾರು ಹೊಲಿದದ್ದೆಂದು ಕೇಳಿದರು. ಹೇಳಿದೆ. "ಇದು ಮನೆಯಲ್ಲಿ ಹಾಸಿಗೆಯ ಮೇಲಿರಬೇಕಾದ ವಸ್ತು. ಹಾದಿಗೆ ಬಂದವರು ಸಾಮಾನನ್ನಲ್ಲ, ತಮ್ಮ ಭಯಗಳನ್ನು ಹೊರುವರು ಎಂದು ನಮ್ಮಲ್ಲಿ ಮಾತಿದೆ. ಹಸಿವಿನ ಭಯವಿದ್ದವರು ಅನ್ನವನ್ನು, ಚಳಿಯ ಭಯವಿದ್ದವರು ಹೊದಿಕೆಯನ್ನು ಹೆಚ್ಚಾಗಿ ತುಂಬುವರು" ಎಂದರು. ಮಗಳಿಗೆ ಹಸಿವಿನ ಭಯವೂ ಇರಲಿಲ್ಲ, ಚಳಿಯ ಭಯವೂ ಇರಲಿಲ್ಲ. ಅವು ನನ್ನವು. ನನ್ನ ಭಯವನ್ನು ಅವಳ ಬೆನ್ನಿನ ಮೇಲೆ ಹೊರಿಸಿ ನಾಲ್ಕು ದಿನ ಬೆಟ್ಟ ಹತ್ತಿಸಿದ್ದೆನು. ಕೌದಿಯನ್ನು ನಾನೇ ಮಡಿಸಿ ತೊಡೆಯ ಮೇಲಿಟ್ಟುಕೊಂಡೆ. ಚಟ್ನಿಪುಡಿಯ ಸೀಸೆಯನ್ನು ಮಾತ್ರ ಅವರು ತೆರೆದು ಮೂಸಿ ನಕ್ಕು, "ಇದು ಇರಲಿ, ಗಾಜು ಬೇಡ" ಎಂದು ಪುಟ್ಟ ಪೊಟ್ಟಣವೊಂದಕ್ಕೆ ಸುರಿದುಕೊಟ್ಟರು.

ಆಮೇಲೆ ಕಾಲಿನ ಪರೀಕ್ಷೆ. ದಿನವಿಡೀ ನಡೆದ ಕಾಲು ಊದುವುದು. ಆದುದರಿಂದ ಬೆಳಿಗ್ಗೆ ತಣ್ಣನೆಯ ಕಾಲಿಗೆ ಅಳತೆ ಕೊಡದೆ ಸಂಜೆಯೇ ಕೊಡಬೇಕು. ಎರಡು ಪಾದವೂ ಒಂದೇ ಅಳತೆಯಲ್ಲಿರುವುದು ಅಪರೂಪ. ದೊಡ್ಡ ಪಾದಕ್ಕೆ ಸರಿಯಾಗಿ ಕೊಳ್ಳಬೇಕು. ನಡೆಯುವಾಗ ಹಾಕುವ ಉಣ್ಣೆಯ ಕಾಲುಚೀಲವನ್ನೇ ಹಾಕಿ ನೋಡಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುವುದರಿಂದ ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ಇಷ್ಟನ್ನೂ ಹೇಳುತ್ತ, ಓರೆಯಾದ ಹಲಗೆಯ ಮೇಲೆ ಅವಳನ್ನು ಇಳಿಸಿ ಹತ್ತಿಸಿ, ನಾಲ್ಕು ಜೊತೆ ಹಾಕಿಸಿ ತೆಗೆಸಿ, ಐದನೆಯದನ್ನು ಒಪ್ಪಿದರು. ಹೊಸ ಚೀಲ ಬೇಕೇ ಎಂದುದಕ್ಕೆ ಬೇಡವೆಂದರು. ಕತ್ತಿನ ಬುಡದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆದು, ಇದ್ದ ಚೀಲದ ಪಟ್ಟಿಗಳನ್ನೇ ಸರಿಪಡಿಸಿ, ಭಾರ ಹೆಗಲಿಗಲ್ಲ, ಸೊಂಟಕ್ಕೆ ಕೂರಬೇಕೆಂದು ತೋರಿಸಿಕೊಟ್ಟರು. ಒಬ್ಬರಿಗೆ ಸಾಕಾಗುವ ಹಗುರವಾದ ಡೇರೆ, ಬೂಟು, ಎರಡು ಜೊತೆ ಕಾಲುಚೀಲ: ನಾವು ಕೊಂಡದ್ದು ಇಷ್ಟೇ.

ಇಲ್ಲೊಂದು ನಾಚಿಕೆಯ ಸಂಗತಿಯನ್ನು ಮುಚ್ಚಿಡಬಾರದು. ನಮ್ಮವರು ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು. ಬೂಟಿನ ಬೆಲೆ ಕೇಳಿದೊಡನೆ ಮೊಬೈಲ್ ತೆಗೆದು ನೋಡಿ, ಅದೇ ಬೂಟು ಮನೆಗೆ ತರಿಸಿಕೊಂಡರೆ 25 ಡಾಲರು ಕಡಮೆಯೆಂದು ನನ್ನ ಕಿವಿಯಲ್ಲಿ ಹೇಳಿದರು. ಅಂಗಡಿಯಾತ ಕಂಡೂ ಕಾಣದಂತೆ ದಾರ ಕಟ್ಟುತ್ತಿದ್ದರು. ಒಂದು ಗಂಟೆಗೂ ಹೆಚ್ಚು ಹೊತ್ತು ಮಗಳ ಕಾಲ ಬಳಿ ಮೊಣಕಾಲೂರಿ ಕೂತಿದ್ದ ಮನುಷ್ಯ! ಇಲ್ಲಿ ಅಳತೆ ನೋಡಿಸಿಕೊಂಡು ಇನ್ನೆಲ್ಲಿಯೋ ಹಣ ಕೊಡುವುದು ಎಲ್ಲರ ಪದ್ಧತಿಯಾದರೆ ಈ ಬಾಗಿಲು ಎಷ್ಟು ದಿನ ತೆರೆದಿದ್ದೀತು? ಮುಂದೊಂದು ಸಂಜೆ ಕುಂಟುತ್ತ ಇಳಿದು ಬಂದ ಇನ್ನೊಬ್ಬರ ಮಗಳಿಗೆ ಇಲ್ಲಿ ಬೀಗ ಕಂಡರೆ? ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಮೊಬೈಲನ್ನು ಜೇಬಿಗೆ ಸೇರಿಸಿ ಹಣ ತೆತ್ತರು. ಆ 25 ಡಾಲರು ಚರ್ಮಕ್ಕೆ ಕೊಟ್ಟುದಲ್ಲ, ವಿದ್ಯೆಗೆ ಕೊಟ್ಟುದು.

ಹಣ ಎಣಿಸುತ್ತ ಅಂಗಡಿಯಾತ ಎಮ್ಮಾ ಗೇಟ್‌ವುಡ್ ಎಂಬ ವೃದ್ಧೆಯ ಕಥೆ ಹೇಳಿದರು. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೆಯ ವಯಸ್ಸಿನಲ್ಲಿ, ಸ್ವಲ್ಪ ತಿರುಗಾಡಿ ಬರುವೆನೆಂದು ಮಕ್ಕಳಿಗೆ ಹೇಳಿ ಹೊರಟು, ಈ ಹಾದಿಯನ್ನು ಒಂಟಿಯಾಗಿ ಒಂದೇ ಸಲಕ್ಕೆ ಕೊನೆ ಮುಟ್ಟಿಸಿದ ಮೊದಲ ಮಹಿಳೆಯಾದರು. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪರದೆ, ಡೇರೆಯೇ ಇಲ್ಲ! 1957ರಲ್ಲಿ ಮತ್ತೊಮ್ಮೆ ನಡೆದರು. "ಹಾಗಾದರೆ ನಿಮ್ಮ ಅಂಗಡಿ ಏತಕ್ಕೆ?" ಎಂದೆ. ಅವರು ನಕ್ಕು, "ಆಕೆ ಹೊಲದಲ್ಲಿ ದುಡಿದ ಹೆಂಗಸು, ಆ ಕಾಲುಗಳನ್ನು ನಾನು ಮಾರಲಾರೆ. ಉಳಿದವರಿಗೆ ಕೊರತೆ ಬಿದ್ದಷ್ಟನ್ನು ಮಾತ್ರ ಮಾರುವೆ" ಎಂದರು.

ಆ ರಾತ್ರಿ ಹತ್ತಿರದ ಬ್ಲೇರ್ಸ್‌ವಿಲ್ ಊರಿನಲ್ಲಿ ತಂಗಿದೆವು. ಬೆಳಿಗ್ಗೆ ಮತ್ತೆ ಕಣಿವೆಬಾಯಿಗೆ ಬಂದಾಗ ಚೀಲ 26 ಪೌಂಡು ತೂಗಿತು. "ಅರ್ಧ ಗಂಟೆ ನಡೆದು ನೋಡು. ನೋವು ಹೆಚ್ಚಿದರೆ ಹಿಂದಿರುಗು, ಅದರಲ್ಲಿ ಅವಮಾನವಿಲ್ಲ" ಎಂದು ಅಂಗಡಿಯಾತ ಮಗಳಿಗೆ ಹೇಳಿದರು. "ಅಮ್ಮ, ಬರಲೇ?" ಎಂದಳು. ಹೋಗಿ ಬಾ ಎಂದೆ. ಓಣಿಯ ಆಚೆ ಹಾದಿ ಮೇಲಕ್ಕೆ ತಿರುಗುವುದು. ಅಲ್ಲಿಯವರೆಗೆ ಅವಳ ಬೆನ್ನಿನ ಚೀಲ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಒಂದು ಗಂಟೆ ಕಾದೆವು. ಅವಳು ಹಿಂದಿರುಗಲಿಲ್ಲ.

ಹದಿನೈದು ದಿನಗಳ ಮೇಲೆ ಉತ್ತರ ಕೆರೊಲೈನಾದ ಫಾಂಟಾನಾ ಅಣೆಕಟ್ಟಿನ ಬಳಿ ಅವಳನ್ನು ಕರೆತರಲು ಹೋದೆವು. ಬಿಸಿಲಿಗೆ ಕಂದಿದ್ದಳು, ಸೊರಗಿದ್ದಳು, ಕುಂಟುತ್ತಿರಲಿಲ್ಲ. ಚಟ್ನಿಪುಡಿ ಮುಗಿದಿತ್ತು.

ಈಗ ನಮ್ಮ ಊರಿನ ಮಕ್ಕಳೂ ಕೊಡಚಾದ್ರಿಗೆ, ಕುಮಾರಪರ್ವತಕ್ಕೆ, ಹಿಮಾಲಯಕ್ಕೆ ಹೊರಡುವರು. ತಾಯಂದಿರಲ್ಲಿ ನನ್ನದೊಂದು ವಿಜ್ಞಾಪನೆ: ಬೂಟನ್ನು ಸಂಜೆ ಕೊಳ್ಳಿರಿ, ಹಾದಿ ಬಲ್ಲವರ ಕೈಯಿಂದ ಕೊಳ್ಳಿರಿ, ಕೊಳ್ಳುವ ಮುನ್ನ ಮನೆಯಲ್ಲಿರುವುದನ್ನು ಅವರಿಗೆ ತೋರಿಸಿರಿ. ಚೀಲ ಕಟ್ಟಿದ ಮೇಲೆ ಒಮ್ಮೆ ಬಿಚ್ಚಿ, ನಿಮ್ಮ ಭಯಕ್ಕಾಗಿ ಹಾಕಿದ್ದನ್ನು ಹೊರಗೆ ತೆಗೆಯಿರಿ. ಚಟ್ನಿಪುಡಿ ಇರಲಿ, ಗಾಜು ಬೇಡ.